ಬಿಟ್ಟ ಸ್ಥಳ ತುಂಬಿರಿ

ನಮ್ಮೂರು ಬುಕ್ಕಾಂಬುಧಿ ಎಂದರೆ, ಹಳಗನ್ನಡ ಓದಿಕೊಂಡ ಒಬ್ಬಿಬ್ಬರು ಮೀನಿನ ರೇಟು ವಿಚಾರಿಸುತ್ತಾರೆ. ಅಂಬುಧಿ ಎಂದರೆ ಕಡಲಲ್ಲವೇ! ಕಡಲು ನೋಡಬೇಕಾದರೆ ನಾವೂ ಎಲ್ಲರ ಹಾಗೆ ಘಟ್ಟ ಇಳಿಯಬೇಕು. ಅಜ್ಜಂಪುರ ತಾಲ್ಲೂಕಿನ ಈ ಊರಲ್ಲಿ ಇರುವುದು ಒಂದು ಬೆಟ್ಟ, ಒಂದು ಕೆರೆ. ಕೆರೆಯನ್ನು ವಿಜಯನಗರದ ಬುಕ್ಕರಾಯನ ಹೆಸರಿಗೆ ತಗುಲಿಸಿ ಹೇಳುವುದು ರೂಢಿ. ಕೆರೆಗೆ ಕಡಲೆಂದು ಹೆಸರಿಟ್ಟ ಆ ಕಾಲದವರ ಧಾರಾಳತನ ಮಳೆರಾಯನಿಗೆ ಇಲ್ಲ. ಅವನು ಬಂದ ವರ್ಷ ಕೆರೆ ಅಂಬುಧಿ, ಬಾರದ ವರ್ಷ ದನ ಮೇಯುವ ಬಯಲು. ಹೀಗೆ ವರ್ಷಗಟ್ಟಲೆ ಡ್ಯೂಟಿಗೆ ಚಕ್ಕರ್ ಹೊಡೆದ ಕೆರೆಯನ್ನು ‘ನಡುವೆ ಎಲ್ಲಿ ಹೋಗಿದ್ದೆ?’ ಎಂದು ಯಾರೂ ಕೇಳಿದ್ದಿಲ್ಲ. ಕೋಡಿ ಬಿದ್ದ ದಿನ ಬಾಗಿನ ಕೊಟ್ಟು, ಫೋಟೋ ತೆಗೆಸಿಕೊಂಡು ಬರುತ್ತಾರೆ.

ಆ ಪ್ರಶ್ನೆ ಕೇಳಿಸಿಕೊಳ್ಳುವ ಯೋಗ ಇದ್ದದ್ದು ನನ್ನ ಅಕ್ಕನ ಮಗನಿಗೆ.

ಅವನಿಗೀಗ ಮೂವತ್ತೆರಡು. ಪಿಯುಸಿಯಲ್ಲಿ ಇಂಗ್ಲಿಷನ್ನು ನೆನಪಿಗೆಂದು ಉಳಿಸಿಕೊಂಡು ಬೆಂಗಳೂರಿಗೆ ಹೋಗಿ ಹೋಟೆಲಿನಲ್ಲಿ ಸಪ್ಲೈಯರ್ ಆದ. ಏಳು ತಿಂಗಳಿಗೆ ವಾಪಸ್. ಬೀರೂರಿನ ತೆಂಗಿನಕಾಯಿ ಮಂಡಿಯಲ್ಲಿ ಲೆಕ್ಕ ಬರೆದ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ರೈಟರ್ ಆಗಿ ಒಂದು ಮಳೆಗಾಲ ಜಿಗಣೆಗಳಿಗೆ ರಕ್ತದಾನ ಮಾಡಿದ. ಊರಿಗೆ ಬಂದು ಶಾಮಿಯಾನದವರ ಜೊತೆ ಸೇರಿ ಎರಡು ವರ್ಷ ಬೇರೆಯವರ ಮದುವೆಗೆ ಕಂಬ ನೆಟ್ಟ. ಅಡಿಕೆ ಸುಲಿಯುವ ಯಂತ್ರದ ಹಿಂದೆ ತರೀಕೆರೆ ಸುತ್ತಮುತ್ತ ತಿರುಗಿದ. ಭದ್ರಾ ಮೇಲ್ದಂಡೆ ಯೋಜನೆಗೆ ಅಜ್ಜಂಪುರದ ಹತ್ತಿರ ಗುಡ್ಡದ ಹೊಟ್ಟೆಯಲ್ಲಿ ಸುಮಾರು ಏಳು ಕಿಲೋಮೀಟರ್ ಸುರಂಗ ತೋಡಿದರಲ್ಲ, ಅಲ್ಲಿಗೆ ಬರುವ ಟಿಪ್ಪರ್‌ಗಳ ಟ್ರಿಪ್ ಎಣಿಸುವ ಕೆಲಸವೂ ಕೆಲವು ತಿಂಗಳು ಸಿಕ್ಕಿತ್ತು. ಲಾರಿಯ ಹುಚ್ಚು ಹತ್ತಿದ್ದು ಅಲ್ಲೇ ಎಂದು ನನ್ನ ಗುಮಾನಿ. ದಿನವಿಡೀ ಬೇರೆಯವರ ಟ್ರಿಪ್ ಎಣಿಸುವವನಿಗೆ ಒಂದು ಟ್ರಿಪ್ ತಾನೂ ಹೊಡೆಯಬೇಕು ಅನ್ನಿಸದಿದ್ದರೆ ಅವನು ನನ್ನ ಹಾಗೆ ಗುಮಾಸ್ತನಾಗುತ್ತಾನೆ. ಇವೆಲ್ಲದರ ನಡುವೆ ಈರುಳ್ಳಿ ಹಾಕಿ, ರೇಟು ಬಿದ್ದು, ಕಿತ್ತ ಕೂಲಿಯೂ ಹುಟ್ಟದೆ, ಒಂದಿಡೀ ವರ್ಷ ಯಾರ ಕಣ್ಣಿಗೂ ಬೀಳದೆ ಮನೆಯಲ್ಲಿ ಕೂತದ್ದೂ ಉಂಟು.

ನನ್ನ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ 36 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಅಷ್ಟೂ ವರ್ಷ ಕುರ್ಚಿ ಬದಲಾಗಲಿಲ್ಲ. ಕುರ್ಚಿಯ ಕಾಲು ಎರಡು ಸಲ ಬದಲಾಯಿತು. ನನ್ನ ಬಯೋಡೇಟಾ ಬರೆದರೆ ಒಂದೇ ಸಾಲು. ಹೀಗಿರುವವನ ಹತ್ತಿರ ಅಳಿಯ ಬಂದು, “ಮಾವ, ಲಾರಿ ಡ್ರೈವರ್ ಆಗ್ತೀನಿ. ಒಂದು ಬಯೋಡೇಟಾ ಬರ್ಕೊಡಿ” ಅಂದರೆ ಹೇಗಿರಬೇಡ! ಸಂಭ್ರಮದಿಂದಲೇ ಕೂತೆ.

ಕೂತ ಮೇಲೆ ಗೊತ್ತಾಯಿತು, ಅದು ಬಯೋಡೇಟಾ ಅಲ್ಲ, ಮಿಡ್ಲ್ ಸ್ಕೂಲಿನ ಪ್ರಶ್ನೆಪತ್ರಿಕೆಯ ‘ಬಿಟ್ಟ ಸ್ಥಳ ತುಂಬಿರಿ’. 2013ರಿಂದ 2014ರವರೆಗೆ ಏನು? 2017ರ ಕಾರ್ತಿಕದಿಂದ ಯುಗಾದಿಯವರೆಗೆ ಏನು? ಅವನು ತಲೆ ಕೆರೆದುಕೊಂಡು, “ಅವಾಗ ಕೆರೆ ತುಂಬಿತ್ತು ಮಾವ, ಈಜ್ತಿದ್ದೆ” ಅಂದ. ಈಜನ್ನು ಯಾವ ಕಾಲಮ್ಮಿಗೆ ಹಾಕಲಿ? ಕೊನೆಗೆ ನಮ್ಮ ಸೀಮೆಯ ಸಿದ್ಧೌಷಧ ನೆನಪಾಯಿತು. ಖಾಲಿ ಇದ್ದ ಕಡೆಯೆಲ್ಲ ‘ವ್ಯವಸಾಯ’ ಎಂದು ಬರೆದೆ. ಈ ಒಂದು ಪದ ಎಂಥ ಹೊಂಡವನ್ನಾದರೂ ಮುಚ್ಚುತ್ತದೆ. ಎರಡು ಪುಟ ಟೈಪಾಗಿ, ದಪ್ಪ ಕಾಗದದ ಮೇಲೆ, ಕೆಳಗೆ ‘ಮೇಲ್ಕಂಡ ವಿವರಗಳು ಸತ್ಯ’ ಎಂಬ ಘೋಷಣೆಯೊಂದಿಗೆ ಸಿದ್ಧವಾಯಿತು.

ಮೊದಲು ಲೈಸೆನ್ಸಿನ ಕಥೆ. ನಮಗೆ ಆರ್‌ಟಿಒ ಎಂದರೆ ತರೀಕೆರೆ, ಕೆಎ 66. ಹಿಂದೆ ಎಲ್ಲಕ್ಕೂ ಚಿಕ್ಕಮಗಳೂರಿನ 18ಕ್ಕೇ ಹೋಗಬೇಕಿತ್ತು. ಕಾರಿನ ಲೈಸೆನ್ಸು ಅವನಲ್ಲಿ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸರಕು ಸಾಗಿಸುವ ದೊಡ್ಡ ಗಾಡಿ ಕಲಿಯಬೇಕಾದರೆ ಇಪ್ಪತ್ತು ತುಂಬಿರಬೇಕು, ಲಘು ವಾಹನದ ಲೈಸೆನ್ಸು ಪಡೆದು ಒಂದು ವರ್ಷ ಕಳೆದಿರಬೇಕು. ಎಂಟನೇ ಕ್ಲಾಸಾದರೂ ಓದಿರಬೇಕೆಂದು ಮಧ್ಯೆ ಒಂದು ನಿಯಮವಿತ್ತು, 2019ರಲ್ಲಿ ತೆಗೆದರು. ತೆಗೆದದ್ದು ಒಳ್ಳೆಯದೇ. ಊರ ಹೆಸರಿನ ಬೋರ್ಡು ಓದಲು ಬಾರದೆ, ಹುಣಸೆಮರ, ಡಾಬಾ, ಪೆಟ್ರೋಲ್ ಬಂಕುಗಳನ್ನೇ ಅಕ್ಷರಮಾಲೆ ಮಾಡಿಕೊಂಡು ಕಲ್ಕತ್ತೆಗೆ ಹೋಗಿಬಂದ ಹಳೆಯ ಡ್ರೈವರುಗಳನ್ನು ನಾನು ಕಂಡಿದ್ದೇನೆ. ನಾನು ಬಿಎ ಮಾಡಿಯೂ ಮೆಜೆಸ್ಟಿಕ್ಕಿನಲ್ಲಿ ಪ್ಲಾಟ್‌ಫಾರಂ ತಪ್ಪುತ್ತೇನೆ.

ಅರ್ಜಿಯ ಫಾರಂಗಳನ್ನು ನಾನೇ ತರಿಸಿ ಓದಿದೆ. ಫಾರಂ ಕಂಡರೆ ನನಗೆ ನೆಂಟರನ್ನು ಕಂಡಷ್ಟು ಖುಷಿ. ಮೂರ್ಛೆ ಬರುತ್ತದೆಯೇ, ತಲೆಸುತ್ತು ಉಂಟೇ, ಇಪ್ಪತ್ತೈದು ಮೀಟರ್ ದೂರದಿಂದ ಹಗಲು ಬೆಳಕಿನಲ್ಲಿ ನಂಬರ್ ಪ್ಲೇಟು ಓದುತ್ತೀಯಾ, ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುತ್ತವೆಯೇ, ಇರುಳುಗಣ್ಣೇ, ಹಾರ್ನು ಕೇಳಿಸುತ್ತದೆಯೇ, ಕೈಕಾಲು ನೆಟ್ಟಗಿವೆಯೇ. ಹಿಂದೆಮುಂದೆ ಎಷ್ಟು ತಿರುವಿ ಹಾಕಿದರೂ ‘ಹಿಂದಿನ ಕೆಲಸ ಏಕೆ ಬಿಟ್ಟೆ?’ ಎಂಬ ಕಾಲಮ್ಮು ಸಿಗಲಿಲ್ಲ. ಇಡೀ ಫಾರಂ ಮುಂದೆ ಏನು ಕಾಣುತ್ತದೆ ಎಂದಷ್ಟೇ ಕೇಳುತ್ತಿತ್ತು. ವ್ಯವಸಾಯ ವ್ಯವಸಾಯ ಎಂದು ಐದು ಕಡೆ ಟೈಪು ಮಾಡಿದ ನನಗೆ ಕೊಂಚ ನಿರಾಸೆಯೇ ಆಯಿತು.

ಡ್ರೈವಿಂಗ್ ಸ್ಕೂಲಿನ ಮುದಿ ಲಾರಿಯಲ್ಲಿ ಅವನು ಕಲಿತ. ಮೊದಲೆಲ್ಲ ಹೀಗಿರಲಿಲ್ಲ. ಕ್ಲೀನರ್ ಆಗಿ ಸೇರಿ, ನಾಲ್ಕಾರು ವರ್ಷ ಗಾಜು ಒರೆಸಿ, ಸ್ಟೆಪ್ನಿ ಉರುಳಿಸಿ, ಏರಿನಲ್ಲಿ ನಿಂತಾಗ ಚಕ್ರಕ್ಕೆ ಕಲ್ಲು ಕೊಟ್ಟು, ಡ್ರೈವರಣ್ಣನ ಬೈಗುಳ ಬಾಯಿಪಾಠವಾದ ಮೇಲೆ ಒಂದು ರಾತ್ರಿ ಖಾಲಿ ರೋಡಿನಲ್ಲಿ ಸ್ಟೀರಿಂಗ್ ಕೈಗೆ ಸಿಗುತ್ತಿತ್ತು. ಈಗ ಖರ್ಚು ಉಳಿಸಲು ಎಷ್ಟೋ ಲಾರಿಗಳು ಕ್ಲೀನರ್ ಇಲ್ಲದೆ ಓಡುತ್ತವೆ. ಮರಿಯೇ ಇಲ್ಲದ ಮೇಲೆ ಗುರು ಎಲ್ಲಿಂದ ಬರಬೇಕು? ‘ಡ್ರೈವರ್ ಸಿಗ್ತಿಲ್ಲ’ ಎಂದು ಓನರುಗಳು ಗೊಣಗುವುದು ಕೇಳಿದಾಗಲೆಲ್ಲ ನನಗೆ, ಕೊನೆಯ ಕಾಯಿಯನ್ನೂ ಎಳನೀರಿಗೆ ಕಿತ್ತು ಸಸಿಗೆ ಹುಡುಕುವವರ ನೆನಪಾಗುತ್ತದೆ.

ನಮ್ಮ ಅಕ್ಕನಿಗೆ ಚಿಂತೆ ಬೇರೆ. 2024ರ ಜನವರಿ ಮೊದಲಿಗೆ ದೇಶದ ಲಾರಿ ಡ್ರೈವರುಗಳು ಮುಷ್ಕರ ಹೂಡಿದ್ದನ್ನು ಟಿವಿಯಲ್ಲಿ ನೋಡಿದ್ದಳು. ಅಪಘಾತ ಮಾಡಿ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು ಎಂಬ ಹೊಸ ನ್ಯಾಯ ಸಂಹಿತೆಯ ಕಲಮಿನ ಮೇಲೆ ಆ ಗಲಾಟೆ. ಆಮೇಲೆ ಆ ಒಂದು ಉಪಕಲಮನ್ನು ಬಿಟ್ಟು ಮಿಕ್ಕದ್ದನ್ನು ಜಾರಿಗೆ ತಂದರು ಎಂದು ಹೇಳಿದರೂ ಅವಳಿಗೆ ಸಮಾಧಾನವಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಅವಳ ಕಣ್ಣ ಮುಂದಿತ್ತು: ಡ್ರೈವರ್ ಅಂದರೆ ಹೆಣ್ಣು ಕೊಡುವವರು ಯಾರು? ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಈಗ ಕೇಳಿದವರಿಗೆಲ್ಲ, “ಹುಡುಗ ಟ್ರಾನ್ಸ್‌ಪೋರ್ಟ್ ಲೈನಲ್ಲಿದಾನೆ” ಅನ್ನುತ್ತಾಳೆ. ಸುಳ್ಳಲ್ಲ. ನಾನು ‘ವ್ಯವಸಾಯ’ ಬರೆದದ್ದಕ್ಕಿಂತ ಎಷ್ಟೋ ನಿಜ.

ಈ ಮಾತುಕತೆಯ ನಡುವೆ ನನಗೆ ಅಮೃತಮಹಲ್ ದನಗಳ ನೆನಪಾದದ್ದು ಯಾಕೆಂದು ಹೇಳುತ್ತೇನೆ. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಇದೆ. ಸುತ್ತಿನ ಕಾವಲುಗಳಲ್ಲಿ ಬೂದುಬಣ್ಣದ, ಉದ್ದ ಕೊಂಬಿನ ದನಗಳು ಮೇಯುವುದನ್ನು ನೋಡುತ್ತಲೇ ನಾವು ಬೆಳೆದವರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹೆಸರಿನಲ್ಲಿ ಹಾಲು ಬೆಣ್ಣೆ, ಕೆಲಸದಲ್ಲಿ ಫಿರಂಗಿ, ಮದ್ದುಗುಂಡು, ದಂಡಿನ ಸಾಮಾನು. ಹೈದರಾಲಿ ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಗೆಜೆಟಿಯರುಗಳು ಹೊಗಳುತ್ತವೆ. ಆ ಕಾಲದ ಹೆವಿ ವೆಹಿಕಲ್ ಅವು. ಆದರೆ ಅವುಗಳ ಸರ್ವಿಸ್ ರಿಜಿಸ್ಟರು ತೆರೆದು ನೋಡಿ: ಯುದ್ಧ ಇದ್ದಾಗ ಎರಡೂವರೆ ದಿನ ಓಟ, ಇಲ್ಲದಾಗ ತಿಂಗಳುಗಟ್ಟಲೆ ಕಾವಲಿನಲ್ಲಿ ಹೇಳೋರು ಕೇಳೋರಿಲ್ಲದೆ ಮೇವು. 1860ರ ಸುಮಾರಿಗೆ ಬ್ರಿಟಿಷರು ದಂಡ ಖರ್ಚು ಎಂದು ಹಿಂಡುಗಳನ್ನೇ ಮಾರಿಬಿಟ್ಟು, ಕೆಲವೇ ವರ್ಷಗಳಲ್ಲಿ ತಪ್ಪು ಅರಿವಾಗಿ ಮತ್ತೆ ಕಟ್ಟಬೇಕಾಯಿತು. ಕೆಲಸದಿಂದ ತೆಗೆದು ಪುನಃ ಕರೆದು ಸೇರಿಸಿಕೊಂಡದ್ದು ಎಂದರೆ ಇದೇ. ಭಾರ ಎಳೆಯುವವರಿಗೆ ನಡುನಡುವೆ ಬಿಡುವು ಇರುವುದು ನಮ್ಮ ಸೀಮೆಯಲ್ಲಿ ಮುನ್ನೂರು ವರ್ಷದ ಸಂಪ್ರದಾಯ ಎಂದು ಅಕ್ಕನಿಗೆ ವಿವರಿಸಿದೆ. “ನಿನ್ನ ಎತ್ತಿಗೆ ಹೆಣ್ಣು ಹುಡುಕೋ ಕೆಲಸ ಇತ್ತಾ?” ಅಂದಳು.

ಲೈಸೆನ್ಸು ಬಂದ ವಾರ ಬೀರೂರಿನ ಲಾರಿ ಓನರೊಬ್ಬರ ಹತ್ತಿರ ಹೋದೆವು. ನಾನು ಬಯೋಡೇಟಾ ಫೈಲು ಹಿಡಿದು ಇಸ್ತ್ರಿ ಅಂಗಿಯಲ್ಲಿ. ಸಾಹುಕಾರರು ಫೈಲು ತೆಗೆದುಕೊಂಡರು, ತೆರೆಯಲಿಲ್ಲ, ಅದರಿಂದ ಗಾಳಿ ಹಾಕಿಕೊಂಡರು.

“ಕುಡೀತೀಯೇನಪ್ಪ?”

“ಹಬ್ಬಕ್ಕೆ.”

“ವರ್ಷಕ್ಕೆ ಎಷ್ಟು ಹಬ್ಬ?”

“ವರ್ಷತೊಡಕಿಗೆ ಒಂದು. ಅಂತರಘಟ್ಟೆ ಜಾತ್ರೆಗೆ ಒಂದು.”

“ಕೆಲಸ ಯಾಕೆ ಬಿಡ್ತಾ ಬಂದೆ?”

ನಾನು ಕೆಮ್ಮಿದೆ. ಅವನು ಮಾತ್ರ, “ಒಂದು ಕಡೆ ಕೂರಕ್ಕಾಗಲ್ಲ ಸಾವ್ಕಾರ್ರೆ” ಅಂದುಬಿಟ್ಟ.

“ಇಲ್ಲಿ ಕೂತ್ಕಂಡೇ ಇರ್ಬೇಕು ಕಣಯ್ಯ. ಕುರ್ಚಿ ಓಡ್ತಿರುತ್ತೆ ಅಷ್ಟೆ. ಸರಿ, ರಾತ್ರಿ ನಿದ್ದೆ ಬಂದ್ರೆ ಏನ್ಮಾಡ್ತೀಯ?”

ನಾನಾಗಿದ್ದರೆ ‘ನಿದ್ದೆಯನ್ನು ಗೆಲ್ಲುತ್ತೇನೆ’ ಎಂದು ಏನಾದರೂ ಭಾಷಣದ ಮಾತು ಹೇಳುತ್ತಿದ್ದೆ. ಇವನು, “ಗಾಡಿ ಸೈಡಿಗೆ ಹಾಕಿ ಮಲಗ್ತೀನಿ” ಅಂದ.

ಸಾಹುಕಾರರು ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. ‘ನಂಗೆ ನಿದ್ದೇನೇ ಬರಲ್ಲ’ ಅಂದವನೊಬ್ಬ ತಮ್ಮ ಗಾಡಿಯನ್ನು ತಿಪಟೂರಿನ ಆಚೆ ಮೋರಿಗೆ ಇಳಿಸಿದ್ದರ ವರ್ಣನೆ ಹತ್ತು ನಿಮಿಷ ನಡೆಯಿತು. ಆಮೇಲೆ ಎದ್ದು ಹೊರಗೆ ನಿಂತಿದ್ದ ಲಾರಿ ತೋರಿಸಿ, ಒಂದು ಹಗ್ಗ ಅವನ ಮೈಮೇಲೆ ಎಸೆದು, “ಕಟ್ಟು” ಅಂದರು.

ಶಾಮಿಯಾನದ ಎರಡು ವರ್ಷ ಅಲ್ಲಿ ಕೈಹಿಡಿಯಿತು. ಗಾಳಿಗೆ ಟೆಂಟು ಹಾರದಂತೆ ಹಾಕುವ ಗಂಟಿಗೂ ಲೋಡು ಜಾರದಂತೆ ಬಿಗಿಯುವ ಗಂಟಿಗೂ ದೂರದ ಸಂಬಂಧವಲ್ಲ, ಸೋದರ ಸಂಬಂಧ. ಸಾಹುಕಾರರು ಹಗ್ಗವನ್ನು ತಂತಿ ಮೀಟಿದ ಹಾಗೆ ಮೀಟಿ ನೋಡಿ, “ನಾಳೆಯಿಂದ ಬಾ” ಅಂದರು. ಮಿಕ್ಕ ಕೆಲಸಗಳೂ ಹೀಗೆ ಒಂದೊಂದಾಗಿ ಒದಗಿಬಂದವು ಎಂದು ಬರೆದರೆ ಪ್ರಬಂಧಕ್ಕೆ ಚೆನ್ನ. ಆದರೆ ಕಾಫಿ ತೋಟದ ಅನುಭವದಿಂದ ಲಾರಿಗೆ ಮೂರು ಕಾಸಿನ ಉಪಯೋಗ ಇಲ್ಲ. ಜಿಗಣೆ ಗಂಟು ಹಾಕುವುದಿಲ್ಲ.

ಮೊದಲು ಕೈಗೆ ಸಿಕ್ಕಿದ್ದು ಲಾರಿಯಲ್ಲ, ಸಾಹುಕಾರರ ಪುಟ್ಟ ಟಾಟಾ ಏಸ್. ಏಳೂವರೆ ಸಾವಿರ ಕೆಜಿ ಒಳಗಿನ ಇಂಥ ಗಾಡಿಗೆ ಕಾರಿನ ಲೈಸೆನ್ಸೇ ಸಾಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಕೂತು ಹೇಳಿದ್ದಾರೆ. ಹೆವಿ ಲೈಸೆನ್ಸು ಜೇಬಲ್ಲಿಟ್ಟುಕೊಂಡು ಅವನು ಮೂರು ತಿಂಗಳು ಕಾಯಿಮೂಟೆ ಹೊತ್ತು ಕಡೂರು ಬೀರೂರು ಸುತ್ತಿದ. ನಾನು, ಇದೂ ಬಿಟ್ಟುಹೋಗುವ ಕೆಲಸ ಎಂದು ಲೆಕ್ಕ ಹಾಕಿದ್ದೆ. ಈರುಳ್ಳಿ ಸುಗ್ಗಿ ಬಂತು, ಡ್ರೈವರೊಬ್ಬರಿಗೆ ಚಿಕುನ್‌ಗುನ್ಯಾ ಬಂತು, ಇವನಿಗೆ ಲಾರಿ ಬಂತು.

ಈರುಳ್ಳಿ ಲೋಡು ಅಂದರೆ ಕೂಸು ಹೊತ್ತ ಹಾಗೆ. ತಾಡಪಾಲು ಮುಚ್ಚಿದರೆ ಒಳಗೇ ಬೆವೆತು ಕೊಳೆಯುತ್ತದೆ, ತೆಗೆದರೆ ಮಳೆಗೆ ನೆನೆದು ಕೊಳೆಯುತ್ತದೆ. ಅಜ್ಜಂಪುರದಲ್ಲಿ ತುಂಬಿ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ದಾಟಿ ಬೆಳಕು ಹರಿಯುವ ಮುಂಚೆ ಯಶವಂತಪುರ ಮುಟ್ಟಬೇಕು. ದಾರಿಯುದ್ದಕ್ಕೂ ಮೋಡ ನೋಡಿ ತಾಡಪಾಲು ಎಳೆಯುವುದು, ಸರಿಸುವುದು. ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಎಂದು 1961ರದ್ದೊಂದು 2025ರವರೆಗೂ ಇತ್ತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಕೆಲಸ ಎನ್ನುತ್ತಿತ್ತು. ಅದನ್ನು ಅವನಿಗೆ ಓದಿ ಹೇಳಿದೆ. “ಅದು ಈರುಳ್ಳಿಗೆ ಗೊತ್ತಾ ಮಾವ?” ಎಂದು ಕೇಳಿದ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಎಂದೂ ಹೇಳಿದೆ. ಅವನ ಲಾರಿ ಅದಕ್ಕೆ ಎಷ್ಟೋ ಮೊದಲು ಹುಟ್ಟಿದ್ದು. ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ ಅಂಗೈಯಗಲದ ಫ್ಯಾನು ಒಂದಿದೆ, ಅದೂ ಏರು ಹತ್ತುವಾಗ ನಿಂತು ಸುಧಾರಿಸಿಕೊಳ್ಳುತ್ತದಂತೆ.

ಲಾರಿ ಕೈಗೆ ಬಂದು ಒಂದು ವರ್ಷವಾಯಿತು. ಅಷ್ಟು ದಿನ ಅವನು ನಿಂತ ಕೆಲಸ ಶಾಮಿಯಾನ ಬಿಟ್ಟರೆ ಇದೇ. ಮೊನ್ನೆ ಖಾಲಿ ಗಾಡಿ ತಂದು ಕೆರೆ ಏರಿಯ ಹತ್ತಿರ ನಿಲ್ಲಿಸಿದಾಗ ನಾನು ಮೊದಲ ಸಲ ಕ್ಯಾಬಿನ್ ಹತ್ತಿದೆ. ಹತ್ತಿದೆ ಅನ್ನುವುದಕ್ಕಿಂತ ಅವನು ಎಳೆದ, ಅಕ್ಕ ದೂಡಿದಳು. ದೇವರ ಫೋಟೋ, ಒಣಗಿದ ನಿಂಬೆಹಣ್ಣು, ಅಕ್ಕ ಕೊಟ್ಟ ಉಪ್ಪಿನಕಾಯಿ ಡಬ್ಬಿ, ಹಾಸಿಗೆ ಸುರುಳಿ. ಬಲಗಡೆಯ ಗಾಜಿನ ಸಂದಿಯಲ್ಲಿ ಮಡಚಿ ತುರುಕಿದ ದಪ್ಪ ಕಾಗದ ಕಂಡಿತು. ‘ಮೇಲ್ಕಂಡ ವಿವರಗಳು ಸತ್ಯ’ ಎಂಬುದು ಹೊರಗೆ ಇಣುಕುತ್ತಿತ್ತು.

“ಗಾಜು ಗಡಗಡ ಅಂತಿತ್ತು ಮಾವ. ಒಳ್ಳೆ ಪೇಪರ್ರು. ಹನ್ನೊಂದು ತಿಂಗಳಾಯ್ತು, ಅಲ್ಲಾಡಿಲ್ಲ.”

ನಾನು ಏನೂ ಅನ್ನಲಿಲ್ಲ. ಅವನು ಗಾಡಿ ಸ್ಟಾರ್ಟ್ ಮಾಡಿದ. ನನ್ನ ಪಕ್ಕದ ಗಾಜು ಗಡಗಡ ಎನ್ನತೊಡಗಿತು.

“ಈ ಕಡೆಗೂ ಒಂದು ಬೇಕಿತ್ತು,” ಅಂದ. “ನಿಮ್ಮದೊಂದು ಬಯೋಡೇಟಾ ಇದ್ರೆ ಕೊಡಿ ಮಾವ.”

ಕೊಡಬಹುದಿತ್ತು. ನನ್ನದು ಒಂದೇ ಸಾಲು, ಎಷ್ಟು ಮಡಚಿದರೂ ದಪ್ಪವಾಗುವುದಿಲ್ಲ.