ಇಸ್ಮಿತಪ್ಪನ ಸೊಂಟ, ನನ್ನ ಸೊಂಟ

ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇರುವ ಗಂಡಸೊಬ್ಬನಿದ್ದಾನೆ. ದ್ರೋಹಿ, ಹೇಡಿ, ಸೋಮಾರಿ, ತಿಂಡಿಪೋತ, ಸುಳ್ಳುಬುರುಕ. ಹೆಸರು ಡಾಕ್ಟರ್ ಜಕಾರಿ ಸ್ಮಿತ್. ಇರ್ವಿನ್ ಆಲನ್ ಎಂಬಾತ ಅಮೆರಿಕದ ಸಿಬಿಎಸ್ ಚಾನೆಲ್ಲಿಗೆ ತಯಾರಿಸಿದ ‘ಲಾಸ್ಟ್ ಇನ್ ಸ್ಪೇಸ್’ ಧಾರಾವಾಹಿಯಲ್ಲಿ ಅವನದು ಪಕ್ಕದ ಪಾತ್ರ. ಮೇಲೆ ಹೇಳಿದ ಐದು ಗುಣಗಳಲ್ಲಿ ಮೊದಲನೆಯದನ್ನು ಬಿಟ್ಟರೆ ಮಿಕ್ಕ ನಾಲ್ಕೂ ನನಗಿವೆ ಎಂದು ನನ್ನ ಹೆಂಡತಿ ನಮ್ಮೂರು ಉದ್ದನಪಲ್ಲಿಗೆಲ್ಲ ಸಾರಿದ್ದಾಳೆ. ಅವನ ನಾಲ್ಕಕ್ಕೆ ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ನನ್ನ ನಾಲ್ಕಕ್ಕೆ ಮನೆಯ ಬೆಕ್ಕೂ ನಕ್ಕಿಲ್ಲ.

ಈ ಪಿಡುಗನ್ನು ಮನೆಗೆ ತಂದವಳು ಬೆಂಗಳೂರಲ್ಲಿ ಓದುತ್ತಿರುವ ಮಗಳು. ರಜೆಗೆ ಬಂದಾಗ ಲ್ಯಾಪ್‌ಟಾಪ್ ತೆರೆದು, “ಅಪ್ಪ, ಇದು ನೀನು ಹುಟ್ಟೋಕೂ ಮುಂಚಿನದು” ಎಂದಳು. ಲೆಕ್ಕ ಹಾಕಿದೆ. ಮೊದಲ ಕಂತು ಬಂದಿದ್ದು 1965ರ ಸೆಪ್ಟೆಂಬರ್ 15ರಂದು. ಆಗ ನಮ್ಮೂರು ಸೇಲಂ ಜಿಲ್ಲೆಯಲ್ಲಿತ್ತು. ಹದಿನೇಳು ದಿನ ಕಳೆದು, ಅಕ್ಟೋಬರ್ 2ಕ್ಕೆ, ಧರ್ಮಪುರಿ ಜಿಲ್ಲೆ ಹುಟ್ಟಿ ನಮ್ಮೂರು ಅದಕ್ಕೆ ಸೇರಿತು. 2004ರಲ್ಲಿ ಅದೂ ಒಡೆದು ಕೃಷ್ಣಗಿರಿ ಆಯಿತು. ಮೊದಲು ಹೊಸೂರು ತಾಲೂಕು ಎನ್ನುತ್ತಿದ್ದೆವು, ಈಗ ಶೂಲಗಿರಿ ಎನ್ನುತ್ತೇವೆ. ಮನೆಯಲ್ಲಿ ಕನ್ನಡ, ತರಕಾರಿ ಅಂಗಡಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಧಾರಾವಾಹಿಯ ಅಮೆರಿಕದ ಸಂಸಾರ ದಿಕ್ಕು ತಪ್ಪಲು ರಾಕೆಟ್ಟು ಏರಬೇಕಾಯಿತು. ನಾವು ಜಗಲಿ ಬಿಟ್ಟು ಇಳಿಯಲೇ ಇಲ್ಲ.

ಕಥೆ ಇಷ್ಟೇ. 1997ರ ಅಕ್ಟೋಬರ್ 16ರಂದು (ಅವರಿಗೆ ಅದು ಬಲು ದೂರದ ಭವಿಷ್ಯ, ನನಗೆ ಶಿಫ್ಟು ಮುಗಿಸಿ ಹೊಸೂರಿನಿಂದ ಬಸ್ಸಲ್ಲಿ ನಿಂತುಕೊಂಡು ಬಂದ ಯಾವುದೋ ಒಂದು ಗುರುವಾರ) ರಾಬಿನ್ಸನ್ ಎಂಬ ವಿಜ್ಞಾನಿಯ ಕುಟುಂಬ ಜುಪಿಟರ್-2 ಎಂಬ ನೌಕೆಯಲ್ಲಿ ಆಲ್ಫಾ ಸೆಂಟಾರಿಗೆ ಹೊರಡುತ್ತದೆ. ಹೊರಟ ಎಂಟು ಗಂಟೆಗೆ ನೌಕೆಯನ್ನು ಒಡೆದುಹಾಕುವಂತೆ ಒಳಗಿರುವ ರೋಬೋಟಿಗೆ ಕಿವಿಯೂದಲು ಶತ್ರುದೇಶದ ಕೈಯಾಳು ಸ್ಮಿತ್ ಕದ್ದು ಹತ್ತುತ್ತಾನೆ. ಇಳಿಯುವಷ್ಟರಲ್ಲಿ ಬಾಗಿಲು ಮುಚ್ಚುತ್ತದೆ. ಅವನ ಮೈಭಾರ ಲೆಕ್ಕಕ್ಕೆ ಸೇರಿರಲಿಲ್ಲವಾಗಿ ನೌಕೆ ದಾರಿ ತಪ್ಪುತ್ತದೆ. ತಾನೇ ತೋಡಿದ ಗುಂಡಿಗೆ ತಾನೇ ಮೊದಲು ಬಿದ್ದವನು. ಅಲ್ಲಿಂದ 83 ಕಂತು, ಮೂರು ವರ್ಷ, ಅವನನ್ನು ಕಾಪಾಡುವುದೇ ಆ ಸಂಸಾರದ ಕಸುಬು.

ಅವ್ವನಿಗೆ ಇಂಗ್ಲಿಷ್ ಬಾರದು. ಮೊಮ್ಮಗಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದಳು, ಅವ್ವ ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದಳು. ಎರಡನೇ ಕಂತಿನ ಹೊತ್ತಿಗೆ ಸ್ಮಿತ್ ‘ಇಸ್ಮಿತಪ್ಪ’ ಆಗಿದ್ದ. ಮನೆಯ ಯಜಮಾನ ಜಾನ್ ರಾಬಿನ್ಸನ್ನು ಎತ್ತರದ ಆಳು, ಧೀರ, ಸತ್ಯವಂತ. ಆ ನಟ ಗೈ ವಿಲಿಯಮ್ಸ್ ಹಿಂದೆ ‘ಜೋರೋ’ ಆಗಿ ಕತ್ತಿ ಬೀಸಿ ಹೆಸರು ಮಾಡಿದ್ದವನು. ಅವನು ಬಾಯಿ ತೆರೆದರೆ ಅವ್ವ ಎದ್ದು ಸಾರಿಗೆ ಉಪ್ಪು ಹಾಕಲು ಹೋಗುತ್ತಿದ್ದಳು. ಹಿಂತಿರುಗಿ ಕೇಳುತ್ತಿದ್ದ ಮೊದಲ ಮಾತು, “ಇಸ್ಮಿತಪ್ಪ ಎಲ್ಲವ್ನೆ?”

ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಸೀಮೆಯ ದ್ರೌಪದಮ್ಮನ ಗುಡಿಗಳಲ್ಲಿ ದಿನಗಟ್ಟಲೆ ಮಹಾಭಾರತ ನಡೆಯುತ್ತದೆ. ಹಗಲು ಕಥೆ, ರಾತ್ರಿ ಕೂತ್ತು ಎಂಬ ಬಯಲಾಟ, ಕೊನೆಗೆ ಬಯಲಲ್ಲಿ ಮಲಗಿಸಿದ ಮಣ್ಣಿನ ದುರ್ಯೋಧನ. ಧರ್ಮರಾಯ ನೀತಿ ಹೇಳುವ ಹೊತ್ತಿಗೆ ಊರೇ ಕಂಬಳಿ ಹೊದ್ದು ಮಲಗಿರುತ್ತದೆ. ಆಟದ ಕೋಡಂಗಿ ಕಟ್ಟಿಯಕ್ಕಾರನ್ ಕುಣಿದುಕೊಂಡು ಬಂದನೋ, ಕಂಬಳಿಗಳೆಲ್ಲ ಎದ್ದು ಕೂರುತ್ತವೆ. ಅವ್ವ ಕಂಬಳಿಯೊಳಗಿಂದಲೇ ಕಲಿತ ವಿಮರ್ಶೆ ಇದು. ಮೂರನೇ ಕಂತಿಗೇ ತೀರ್ಪು ಕೊಟ್ಟಳು: “ಇವ್ನು ಉತ್ತರಕುಮಾರ ಕಣೇ. ಒಲೆ ಮುಂದೆ ಪೌರುಷ, ದಂಡು ಕಂಡ್ರೆ ತೇರಿನಿಂದ ದುಮುಕಿ ಓಟ.”

ಸರಿಯಾಗಿ ಹೇಳಿದ್ದಳು. ಮಳೆ ಬಾರದಿದ್ದಾಗ ಕನ್ನಡ ನಾಡಿನ ಊರುಗಳಲ್ಲಿ ಓದಿಸುವುದು ವಿರಾಟಪರ್ವವನ್ನು. ಉತ್ತರ ಓಡುವುದು ಅದರಲ್ಲೇ. ಭೀಷ್ಮನ ಬಾಣಗಳ ಮಂಚಕ್ಕೆ ಕರಗದ ಮೋಡ ಈ ಹೇಡಿಯ ಓಟಕ್ಕೆ ಕರಗುತ್ತದೆ ಎಂದ ಮೇಲೆ, ಹೇಡಿಗಳಿಗೆ ನಮ್ಮಲ್ಲಿ ಹಳೆಯ ಸ್ಥಾನಮಾನವೇ ಇದೆ ಎಂದಾಯಿತು. ಅದು ನಮ್ಮ ಮನೆಗೆ ಮಾತ್ರ ಅನ್ವಯಿಸದು.

ನನ್ನ ಹೊಟ್ಟೆಯುರಿ ಮೂರು ಪಟ್ಟಾದದ್ದು ಈ ಪಾತ್ರ ಬೆಳೆದ ಬಗೆಯನ್ನು ಮಗಳು ಹೇಳಿದಾಗ. ಮೊದಲು ಚಿತ್ರೀಕರಿಸಿದ್ದ ಮಾದರಿ ಕಂತಿನಲ್ಲಿ ಸ್ಮಿತ್ ಇರಲೇ ಇಲ್ಲವಂತೆ, ರೋಬೋಟೂ ಇಲ್ಲ. ಎಲ್ಲರೂ ಒಳ್ಳೆಯವರಾದರೆ ಕಥೆ ಮುಂದೆ ಹೋಗದೆಂದು ಒಬ್ಬ ಕೇಡಿಗನನ್ನು ತುರುಕಿದರು, ಕೆಲವು ಕಂತು ಕಳೆದು ಅವನನ್ನು ಕೊಂದುಹಾಕುವ ಯೋಚನೆಯಿಂದ. ಪಾತ್ರ ಮಾಡಿದ ಜೋನಾಥನ್ ಹ್ಯಾರಿಸ್‌ಗೆ ಇದರ ವಾಸನೆ ಬಡಿಯಿತು. ಬರೀ ಕೇಡಿಗನಾದರೆ ಸಂಬಳ ಹೆಚ್ಚು ದಿನ ಬಾರದು. ತನ್ನ ಮಾತುಗಳನ್ನು ತಾನೇ ತಿದ್ದಿಕೊಳ್ಳತೊಡಗಿದ. ಭಯಕ್ಕೆ ಕೀರಲು ದನಿ ಸೇರಿಸಿದ, ಕೆಲಸದ ಹೊತ್ತಿಗೆ ಸರಿಯಾಗಿ ಬೆನ್ನು ಹಿಡಿದುಕೊಂಡು ನರಳಿದ, ರೋಬೋಟಿಗೆ ಪ್ರಾಸ ಕಟ್ಟಿ ಬೈದ. ಆಲನ್ ತಡೆಯಲಿಲ್ಲ. ಎರಡನೇ ವರ್ಷ ಧಾರಾವಾಹಿಗೆ ಬಣ್ಣ ಬಂದ ಹೊತ್ತಿಗೆ ನೌಕೆ ಇವನದೇ. ಸ್ಮಿತ್, ರಾಬಿನ್ಸನ್ನರ ಪುಟ್ಟ ಮಗ ವಿಲ್, ರೋಬೋಟು. ಜೋರೋ ಮೂಲೆಯಲ್ಲಿ ಮೀಟರು ನೋಡುತ್ತಾ ನಿಂತಿದ್ದ.

ಇನ್ನೊಂದು ಕೇಳಿ. ಆ 83 ಕಂತುಗಳಲ್ಲೂ ಹ್ಯಾರಿಸ್ ಹೆಸರು ಬೀಳುವುದು ‘ವಿಶೇಷ ಅತಿಥಿ ನಟ’ ಎಂದು. ಮೂರು ವರ್ಷ ಉಂಡು, ಮಲಗಿ, ಮನೆ ಕೆಡಿಸಿ, ಅತಿಥಿ! ನಾನು ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಸಾಹತಿನ ಕಾರ್ಖಾನೆಯಲ್ಲಿ ವಿಆರ್‌ಎಸ್ ತಗೊಂಡು ಮನೆಯಲ್ಲಿ ಕೂತ ಮೇಲೆ ನನ್ನನ್ನೂ ಹಾಗೇ ಕಾಣಬಹುದಿತ್ತಲ್ಲ ಎಂದೆ. “ಅತಿಥಿ ಬಂದ್ರೆ ಎರಡು ದಿನಕ್ಕೆ ಬಟ್ಟೆ ಮಡಚಿಕೊಂಡು ಹೋಗ್ತಾರೆ ಬಾವ. ನೀವು ಬಟ್ಟೇನೂ ಮಡಚಲ್ಲ, ಹೋಗೋದೂ ಇಲ್ಲ” ಎಂದಳು ಹೆಂಡತಿ. ಸೋದರತ್ತೆ ಮಗಳನ್ನು ಮದುವೆಯಾದರೆ ಇದೇ ತೊಂದರೆ. ನನ್ನ ಕಾಲ್ಚಡ್ಡಿ ದಿನಗಳಿಂದಲೂ ಅವಳ ಬಳಿ ದಾಖಲೆಗಳಿವೆ.

ಸ್ಮಿತ್ ರೋಬೋಟಿಗೆ ಬೈಯುವ ಬೈಗುಳಗಳನ್ನು ಮಗಳು ಕನ್ನಡಕ್ಕೆ ಇಳಿಸಿದ ಪರಿಣಾಮ ಮನೆಯ ಮೇಲೆ ಆಯಿತು. ‘ಡಬ್ಬಾ ದಡ್ಡ’, ‘ತುಕ್ಕು ತಗಡು’, ‘ಕೀಲು ಕಿತ್ತ ಕತ್ತೆ’ ಇತ್ಯಾದಿ. ಅವ್ವ ಇವನ್ನು ಮೊದಲು ಪ್ರಯೋಗಿಸಿದ್ದು ಜಯಲಲಿತಾ ಸರ್ಕಾರ ಪುಕ್ಕಟೆ ಕೊಟ್ಟ ಮಿಕ್ಸಿಯ ಮೇಲೆ. ಅದು ತೆಂಗಿನಕಾಯಿ ಕಂಡರೆ ನಿಲ್ಲುತ್ತದೆ. ಮಿಕ್ಸಿಯಿಂದ ನನ್ನ ತನಕ ಬರಲು ಬೈಗುಳಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಂದಹಾಗೆ, ಆ ರೋಬೋಟಿಗೆ ಇಬ್ಬರು ಬೇಕಾಗಿತ್ತು. ಒಳಗೆ ಹೊಕ್ಕು ನಡೆಯುತ್ತಿದ್ದವನು ಬಾಬ್ ಮೇ, ದನಿ ಡಿಕ್ ಟ್ಯೂಫೆಲ್ಡ್ ಅವರದು. ನಮ್ಮ ಮನೆಯಲ್ಲೂ ಅದೇ ವ್ಯವಸ್ಥೆ. ನಡೆಯುವವನು ನಾನು, ದನಿ ನನ್ನದಲ್ಲ.

ನಮ್ಮ ಸೀಮೆಗೇ ಬರೆದಂತಿರುವ ಕಂತೊಂದಿದೆ, 1968ರ ಫೆಬ್ರವರಿಯದು. ಒಂದು ಗ್ರಹದಲ್ಲಿ ಗಿಡ-ತರಕಾರಿಗಳದೇ ದರ್ಬಾರು, ಆಳುವವನು ಆಳೆತ್ತರದ ಕ್ಯಾರೆಟ್ಟು. ಸ್ಮಿತ್ ಅಲ್ಲಿ ಹೂ ಕೀಳುತ್ತಾನೆ. ಕ್ಯಾರೆಟ್ ಸಿಟ್ಟಾಗಿ ಅವನನ್ನು ಸೆಲರಿ ಗಿಡವಾಗಿಸುತ್ತದೆ. ಚಿತ್ರೀಕರಣದಲ್ಲಿ ಘನಗಂಭೀರ ರಾಬಿನ್ಸನ್ ದಂಪತಿಗೇ ನಗು ತಡೆಯಲಾಗಲಿಲ್ಲವಂತೆ. ನಾವಿರುವುದು ಹೊಸೂರು–ರಾಯಕೋಟೆ ರಸ್ತೆಯಲ್ಲಿ. ರಾಯಕೋಟೆ ಎಂದರೆ ಟೊಮೇಟೊ ಮಂಡಿ. ಬೆಲೆ ಬಿದ್ದ ದಿನ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುತ್ತಾರೆ, 2023ರ ಜುಲೈಯಂಥ ಕಾಲ ಬಂದು ಕಿಲೋ ನೂರು ದಾಟಿದರೆ ತೋಟಕ್ಕೆ ರಾತ್ರಿ ಕಾವಲು ಹಾಕುತ್ತಾರೆ. ಆ ಕಂತು ನೋಡಲು ಬಂದಿದ್ದ ಪಕ್ಕದ ತೋಟದವರು ಕ್ಯಾರೆಟ್ ಮಾತಾಡಿದ್ದಕ್ಕೆ ನಗಲಿಲ್ಲ. “ತರಕಾರಿಗೆ ಬಾಯಿ ಬಂದ್ರೆ ಮೊದಲು ರೇಟು ಕೇಳ್ತದೆ, ಇದು ಕೇಳ್ಲೇ ಇಲ್ಲ. ಸುಳ್ಳು ಕಥೆ” ಎಂದು ಎದ್ದು ಹೋದರು. ಅವ್ವ ಮಾತ್ರ, ಗಿಡವಾಗಿ ನಿಂತ ಇಸ್ಮಿತಪ್ಪನಿಗೆ ಯಾರಾದರೂ ನೀರು ಹಾಕಿದರೋ ಇಲ್ಲವೋ ಎಂದು ಊಟದ ತನಕ ಕೇಳುತ್ತಿದ್ದಳು. ನಮ್ಮ ಟೊಮೇಟೊ ಗಿಡಗಳಿಗೆ ಅಂದು ನೀರು ಹಾಕಬೇಕಿದ್ದವನು ನಾನು. ಅದನ್ನು ಕೇಳಿದ್ದು ಹೆಂಡತಿ, ಬೇರೆ ದನಿಯಲ್ಲಿ.

ಆಗಲೇ ನಾನು ನ್ಯಾಯ ಕೇಳಿದ್ದು. ನೌಕೆ ಒಡೆಯಲು ಬಂದವನನ್ನು ಪಾಪ ಎನ್ನುತ್ತೀರಿ. ಊಟದ ದಾಸ್ತಾನು ಕದ್ದರೆ ಪಾಪ, ಮಗುವನ್ನು ಮುಂದೆ ತಳ್ಳಿ ತಾನು ಬಂಡೆಯ ಹಿಂದೆ ಅಡಗಿದರೂ ಪಾಪ. ನಾನು ಹಾಲು ಉಕ್ಕಿಸಿದರೆ ಮೂರು ದಿನ ಮಾತು. ಮೋಟರ್ ಹಾಕಲು ಮರೆತರೆ, ನನ್ನ ತಾತ ಬಾವಿ ತೋಡುವಾಗ ಮಾಡಿದ ತಪ್ಪಿನ ತನಕ ಚರಿತ್ರೆ. ಅವನ ಬೆನ್ನುನೋವು ಹಾಸ್ಯ, ನನ್ನದು ನಾಟಕ. ಏನಿದು?

ಮಗಳು ಶಾಸ್ತ್ರೀಯವಾಗಿ ಉತ್ತರಿಸಿದಳು. ಉಳಿದವರೂ ಹೆದರಿರುತ್ತಾರೆ, ನುಂಗಿಕೊಂಡಿರುತ್ತಾರೆ. ಸ್ಮಿತ್ ಎಲ್ಲರ ಪರವಾಗಿ ಕಿರುಚುತ್ತಾನೆ. ‘ರೆಡ್ ಡ್ವಾರ್ಫ್’ನ ರಿಮ್ಮರ್, ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದ ಬಾಲ್ಟರ್, ಆಕಾಶಕ್ಕೆ ಹೋದ ಕಥೆಗಳಲ್ಲೆಲ್ಲ ಇಂಥವನೊಬ್ಬನಿಗೆ ಅಭಿಮಾನಿಗಳು ಇದ್ದೇ ಇರುತ್ತಾರಂತೆ. ನನಗೆ ಒಪ್ಪಿಗೆಯಾಯಿತು. ನಾನೂ ಈ ಮನೆಯಲ್ಲಿ ಎಲ್ಲರ ಪರವಾಗಿ ದಣಿಯುತ್ತಿದ್ದೇನೆ ಎಂದೆ.

ಹೆಂಡತಿ ಅವರೆಕಾಳು ಹಿದುಕುವುದನ್ನು ನಿಲ್ಲಿಸಲಿಲ್ಲ. “ಅವ್ನು ವಾರಕ್ಕೊಂದ್ಸಲ ಐವತ್ತು ನಿಮಿಷ ಬರ್ತಾನೆ ಬಾವ. ನೀವೂ ಅಷ್ಟೇ ಬನ್ನಿ, ನಗ್ತೀನಿ.”

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅಷ್ಟಕ್ಕೇ ಬಿಡದೆ ಮಗಳು 2018ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ ಹೊಸ ‘ಲಾಸ್ಟ್ ಇನ್ ಸ್ಪೇಸ್’ ಹಾಕಿದಳು. ಅದರಲ್ಲಿ ಸ್ಮಿತ್ ಹೆಂಗಸು, ಪಾರ್ಕರ್ ಪೋಸಿ ಎಂಬ ನಟಿ. ಅವಳೂ ಸುಳ್ಳು ಹೇಳುತ್ತಾಳೆ, ತನ್ನ ಜೀವ ಮೊದಲು ಎನ್ನುತ್ತಾಳೆ, ಆದರೆ ನಗು ಬರುವುದಿಲ್ಲ, ಬೆನ್ನುಹುರಿ ತಣ್ಣಗಾಗುತ್ತದೆ. ಹೆಂಡತಿ ಕಣ್ಣು ಕಿರಿದು ಮಾಡಿ ನೋಡಿದಳು. “ಗೊತ್ತಿತ್ತು. ಗಂಡಸು ಕೆಲಸಗಳ್ಳ ಆದ್ರೆ ಪಾಪ, ತಮಾಷೆ ಮನುಷ್ಯ. ಹೆಂಗಸು ಕೆಲಸಗಳ್ಳಿ ಆದ್ರೆ ಅವಳು ರಾಕ್ಷಸಿ. ನಾನು ಒಂದಿನ ಸೊಂಟ ಹಿಡ್ಕೊಂಡು ಮಲಗ್ತೀನಿ, ಯಾರ್ ನಗ್ತೀರೋ ನೋಡೋಣ.” ಯಾರೂ ನಗಲಿಲ್ಲ. ಈ ವಿಷಯವನ್ನು ಇಲ್ಲಿಗೇ ಬಿಡುವುದು ನನಗೆ ಕ್ಷೇಮ.

ರಜೆ ಮುಗಿಯುವ ಹಿಂದಿನ ಸಂಜೆ ಅವ್ವ ಸಹಜವಾಗಿ ಕೇಳಿದಳು, “ಇಸ್ಮಿತಪ್ಪ ಈಗ ಏನ್ ಮಾಡ್ಕೊಂಡವ್ನೆ?”

ಮಗಳಿಗೆ ಸುಳ್ಳು ಹೇಳಲು ಬಾರದು, ತಾಯಿಯ ಕಡೆಯ ದೋಷ. ಹ್ಯಾರಿಸ್ ಆಮೇಲೆ ಬೊಂಬೆಚಿತ್ರಗಳಿಗೆ ದನಿ ಕೊಟ್ಟರೆಂದಳು. ‘ಟಾಯ್ ಸ್ಟೋರಿ 2’ರಲ್ಲಿ ಬೊಂಬೆ ರಿಪೇರಿ ಮಾಡುವ ಮುದುಕನ ದನಿ ಅವರದೇ. 1998ರಲ್ಲಿ ಸಿನಿಮಾ ಮಾಡಿದವರು ಸ್ಮಿತ್ ಪಾತ್ರವನ್ನು ಗ್ಯಾರಿ ಓಲ್ಡ್‌ಮನ್‌ಗೆ ಕೊಟ್ಟು, ಇವರನ್ನು ಒಂದು ಚಿಕ್ಕ ಪಾತ್ರಕ್ಕೆ ಕರೆದರೆ ಒಲ್ಲೆ ಎಂದರಂತೆ. ಅವ್ವ ತಲೆದೂಗಿದಳು, ಮರ್ಯಾದಸ್ಥ. “2002ರ ನವೆಂಬರ್ 3ಕ್ಕೆ ತೀರಿಕೊಂಡ್ರು ಅಜ್ಜಿ. ಮೂರು ದಿನ ಕಳೆದಿದ್ರೆ ಎಂಬತ್ತೆಂಟು.”

ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಸಾವಿನ ಸುದ್ದಿ ಎಷ್ಟು ತಡವಾಗಿ ಕಿವಿಗೆ ಬಿದ್ದರೂ ತಲೆಗೆ ಸ್ನಾನ ಆಗಲೇಬೇಕು ಎಂಬುದು ಅವಳ ಶಾಸ್ತ್ರ. ಹಂಡೆ ಒಲೆ ಹಚ್ಚಬೇಕು. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಸರಿಯಾಗಿ ಆ ಕ್ಷಣಕ್ಕೆ ಸೊಂಟ ಹಿಡಿಯಿತು.

“ಅವರಿಗೂ ಕೊನೇಗೆ ಬೆನ್ನುನೋವೇ ಅಪ್ಪ” ಎಂದಳು ಮಗಳು. “ಬೆನ್ನು ಅಂತ ಆಸ್ಪತ್ರೆಗೆ ಸೇರಿದ್ರು. ರಕ್ತ ಹೆಪ್ಪುಗಟ್ಟಿ ಹೋಗ್ಬಿಟ್ರು.”

ಅವ್ವನ ಮುಖ ಬಿಳಿಚಿತು. ಇಷ್ಟು ವರ್ಷ ನಾನು ನರಳಿದಾಗ ತಿರುಗಿ ನೋಡದ ಹೆತ್ತ ತಾಯಿ, ಓಡಿ ಬಂದು ನನ್ನ ಬೆನ್ನು ನೀವತೊಡಗಿದಳು. ಹರಳೆಣ್ಣೆ ತಾ ಎಂದಳು, ದಿಂಬು ಹಾಕು ಎಂದಳು. ಕೊನೆಗೂ ನನಗೊಬ್ಬ ಅಭಿಮಾನಿ. ನಾನು ಕಣ್ಣು ಮುಚ್ಚಿ, ಇನ್ನೊಂದಿಷ್ಟು ಕೀರಲು ದನಿ ಸೇರಿಸಿ ನರಳಿದೆ.

“ಅತ್ತೆ, ಹೆದರ್ಬೇಡಿ” ಎಂದಳು ಹೆಂಡತಿ, ಬಲು ಮೆತ್ತಗೆ. “ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸೂರಿಗೆ ಕರ್ಕೊಂಡು ಹೋಗ್ತೀನಿ. ರಕ್ತ ತೆಗೆಸೋಣ, ಸ್ಕ್ಯಾನ್ ಮಾಡ್ಸೋಣ. ಬೆನ್ನುಮೂಳೆಗೆ ಒಂದು ಸೂಜಿ ಹಾಕ್ತಾರಂತೆ, ಇಷ್ಟುದ್ದ. ಹಾಕ್ಸೇಬಿಡೋಣ.”

ಒಲೆಗೆ ಸೋಗೆ ತುರುಕಿ ಊದುತ್ತಿದ್ದೆ. ಹಿಂದಿನಿಂದ ಮತ್ತೆ ಅದೇ ದನಿ: “ನೀರು ಕಾಯೋದ್ರೊಳಗೆ ಮೋಟರೂ ಹಾಕಿ ಬಂದ್ಬಿಡಿ ಬಾವ. ತ್ರೀ ಫೇಸ್ ಬಂದೈತೆ.”