ಅಡುಗೆಮನೆಗೆ 588 ಸೀಳು

ಹನೂರಿನ ಆಚೆ ಯಾವ ಊರಿನ ದಾರಿ ಕೇಳಿದರೂ "ಇಲ್ಲೇ ಕನ, ಒಂದು ಕೂಗಳತ" ಎನ್ನುತ್ತಾರೆ. ಕೂಗುವವನ ಗಂಟಲು ಎಂಥದ್ದೆಂದು ಹೇಳುವುದಿಲ್ಲ. ನಡೆದು ನಡೆದು ಸುಸ್ತಾಗಿ ಇನ್ನೊಬ್ಬರನ್ನು ಕೇಳಿದರೆ ಅವರೂ ಅಷ್ಟೇ ಕೂಗಳತೆಯನ್ನು ಧಾರಾಳವಾಗಿ ದಯಪಾಲಿಸುತ್ತಾರೆ. ಇಂಥ ಸೀಮೆಯಲ್ಲಿ ಬೆಳೆದ ನನಗೆ, ದೂರವನ್ನು ಸೆಂಟಿಮೀಟರಿನಲ್ಲಿ ಹೇಳುವ ಪ್ರಾಣಿಯೊಂದು ಕೊಳ್ಳೇಗಾಲದ ನಮ್ಮ ತೊಟ್ಟಿ ಮನೆಯೊಳಗೇ ಓಡಾಡತೊಡಗಿದಾಗ ತುಸು ಭಯಭಕ್ತಿ ಹುಟ್ಟಿತು.

ತಂದವನು ಯಳಂದೂರಿನ ಅಕ್ಕನ ಮಗ, ಡಿಪ್ಲೊಮಾ ವಿದ್ಯಾರ್ಥಿ. ಎರಡು ಹಳದಿ ಗೇರ್ ಮೋಟರು, ಎರಡು ಚಕ್ರ, ಮುಂದೊಂದು ಪುಟ್ಟ ಉರುಳುಗಾಲಿ, ಬೆನ್ನ ಮೇಲೆ ಆರ್ಡುಯಿನೊ ಬೋರ್ಡು, ಅದರ ಮೇಲೆ ಲೋಟ ಇಡಲೊಂದು ತಟ್ಟೆ. ಅಡುಗೆಮನೆಯಿಂದ ಪಡಸಾಲೆಗೆ ಕಾಫಿ ತರುವುದು ಅದರ ಜೀವಿತೋದ್ದೇಶ. ಕಣ್ಣೆಲ್ಲಿ ಎಂದು ಕೇಳಿದೆ. "ಕ್ಯಾಮೆರಾ ಗೀಮೆರಾ ಯಾಕೆ ಮಾವ, ಎನ್‌ಕೋಡರ್ ಇದೆಯಲ್ಲ" ಎಂದ.

ಎನ್‌ಕೋಡರ್ ಎಂದರೆ ಚಕ್ರದ ಅಚ್ಚಿಗೆ ಸಿಕ್ಕಿಸಿದ, ಸುತ್ತಲೂ 20 ಸೀಳುಗಳಿರುವ ಪ್ಲಾಸ್ಟಿಕ್ ಬಿಲ್ಲೆ. ಅದರ ಒಂದು ಮಗ್ಗುಲಿಂದ ಅವಗೆಂಪು ಬೆಳಕು ಬೀಳುತ್ತದೆ, ಇನ್ನೊಂದು ಮಗ್ಗುಲಲ್ಲಿ ಅದನ್ನು ಕಾಯುವ ಸೆನ್ಸರ್. ಸೀಳೊಂದು ಹಾದುಹೋದಾಗಲೆಲ್ಲ ಎಣಿಕೆ ಒಂದು ಏರುತ್ತದೆ. ಚಕ್ರದ ಅಡ್ಡಳತೆ 65 ಮಿಲಿಮೀಟರ್, ಸುತ್ತಳತೆ 204; ಅಂದರೆ ಸೀಳೊಂದಕ್ಕೆ ಒಂದು ಸೆಂಟಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಅಡುಗೆಮನೆಯಿಂದ ನನ್ನ ಕುರ್ಚಿಗೆ 6 ಮೀಟರ್. ಭಾಗಿಸಿದರೆ 588 ಸೀಳು. ಅಷ್ಟು ಎಣಿಸಿ ನಿಂತರೆ ಕಾಫಿ ಬಂತೆಂದೇ ಅರ್ಥ.

ಕಾಫಿ ಬರಲಿಲ್ಲ. ನಡುದಾರಿಯಲ್ಲಿ ಜಮಖಾನದ ಕುಚ್ಚು ಅಡ್ಡವಾಯಿತು. ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿದವು, ಎಣಿಕೆ 588 ಮುಟ್ಟಿತು, ಪ್ರಾಣಿ 'ಪೀಂ' ಎಂದು ತಾನು ತಲುಪಿದ್ದನ್ನು ಸಾರಿ ನೆಮ್ಮದಿಯಾಗಿ ನಿಂತಿತು. ಹುಡುಗ ಲ್ಯಾಪ್‌ಟಾಪಿನ ಪರದೆ ತೋರಿಸಿ "ಲೆಕ್ಕದ ಪ್ರಕಾರ ನಿಮ್ಮ ಕಾಲ ಬುಡದಲ್ಲೇ ಇದೆ ಮಾವ" ಎಂದ. ಲೆಕ್ಕದ ಪ್ರಕಾರ ನಾನು ಕಾಫಿ ಕುಡಿದೂ ಆಗಿತ್ತು.

ಇದಕ್ಕೆ ತದ್ವಿರುದ್ಧವಾದ ಕಥೆ ನಮ್ಮೂರಿನದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಮದ್ರಾಸಿನವರ ಕೊಯಮತ್ತೂರು ಜಿಲ್ಲೆಗೆ ಹೋಯಿತು, ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಮರಳಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ಒಂದೇ ಒಂದು ಸುತ್ತು ಚಕ್ರ ತಿರುಗದೆ ಊರಿಗೆ ಊರೇ ಇಷ್ಟು ದೂರ ಪ್ರಯಾಣ ಮಾಡಿತು. ಅತ್ತ ನಮ್ಮ ಪ್ರಾಣಿ ಇಷ್ಟೆಲ್ಲ ತಿರುಗಿಯೂ ಜಮಖಾನ ದಾಟಲಿಲ್ಲ.

ಚಕ್ರ ಎಣಿಸಿ ನೆಲ ಅಳೆಯುವುದೇನೂ ಹೊಸದಲ್ಲ. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲದಲ್ಲಿ ಸರ್ವೆಯವರು ಪೆರಾಂಬುಲೇಟರ್ ಎಂಬ ದೊಡ್ಡ ಗಾಲಿಯನ್ನು ಹಿಡಿಕೆಯಿಂದ ತಳ್ಳುತ್ತ ರಸ್ತೆ ಅಳೆಯುತ್ತಿದ್ದರು. ಸುತ್ತು ಎಣಿಸಲು ಅದರಲ್ಲೇ ಮುಳ್ಳಿನ ಫಲಕ. ಹಳ್ಳ ದಿಣ್ಣೆ ಹತ್ತಿಳಿದರೆ ಗಾಲಿ ಅದನ್ನೂ ದೂರಕ್ಕೇ ಸೇರಿಸಿಬಿಡುತ್ತದೆ. ಕರಾರುವಾಕ್ಕು ಬೇಕಾಗಿದ್ದ ಲ್ಯಾಂಬ್ಟನ್ ಎಂಬ ಸರ್ವೆಗಾರ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಸರಪಳಿ ಎಳೆದೇ ಅಳೆದ.

ನಮ್ಮೂರ ರೇಷ್ಮೆಯವರ ಚಕ್ರವಾದರೋ ಸತ್ಯವಂತ. ನೂಲಿನ ಡೆನಿಯರ್ ನೋಡುವ ಎಪ್ರೂವೆಟ್ ಯಂತ್ರದ ಗಾಲಿಯ ಸುತ್ತಳತೆ ಒಂದು ಮೀಟರ್ ಹನ್ನೆರಡೂವರೆ ಸೆಂಟಿಮೀಟರ್. 400 ಸುತ್ತು ಸುತ್ತಿದರೆ 450 ಮೀಟರ್ ನೂಲು. ಅದನ್ನು ತೂಗಿ ದಪ್ಪ ಹೇಳುತ್ತಾರೆ. ಅಲ್ಲಿ ಸುತ್ತಿದ್ದಕ್ಕೆ ಸಾಕ್ಷಿಯಾಗಿ ನೂಲು ಗಾಲಿಯ ಮೇಲೇ ಕೂತಿರುತ್ತದೆ. ರೆಡ್ ಆಕ್ಸೈಡ್ ನೆಲ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ಜಮಖಾನ ಸುತ್ತಿಟ್ಟೆವು. ಪ್ರಾಣಿ ಈ ಸಲ ಸೀದಾ ದೇವರಮನೆಗೆ ನುಗ್ಗಿತು. ಎರಡು ಚಕ್ರಗಳ ನಡುವಿನ ಅಂತರ 13 ಸೆಂಟಿಮೀಟರ್. ಹೊರಡುವಾಗಲೇ ಒಂದು ಚಕ್ರದ ಒಂದೇ ಒಂದು ಸೀಳು ಲೆಕ್ಕ ತಪ್ಪಿದರೆ ಮೂತಿ ನಾಲ್ಕೂವರೆ ಡಿಗ್ರಿ ವಾಲುತ್ತದೆ. 6 ಮೀಟರ್ ಹೋಗುವಷ್ಟರಲ್ಲಿ ಒಂದೂವರೆ ಅಡಿ ಪಕ್ಕಕ್ಕೆ. ನನ್ನ ಕುರ್ಚಿಗೂ ದೇವರಮನೆ ಬಾಗಿಲಿಗೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ. ಸಾಲದ್ದಕ್ಕೆ ಈ ಅಗ್ಗದ ಬಿಲ್ಲೆಗೆ ಒಂದೊಂದೇ ಸೆನ್ಸರ್. ಮುಂದಕ್ಕೆ ತಿರುಗಿತೋ ಹಿಂದಕ್ಕೋ ತಿಳಿಯದು. ತಿಳಿಯಬೇಕಾದರೆ ತುಸು ಹಿಂದುಮುಂದಾಗಿ ಕೂತ ಎರಡು ಬೇಕು. ಪಕ್ಕದ ಮನೆಯ ಮಗು ಅದನ್ನು ಬಾಲ ಹಿಡಿದು ಹಿಂದಕ್ಕೆಳೆಯಿತು, ಅದು ಎಳೆದಷ್ಟನ್ನೂ ಪ್ರಗತಿ ಎಂದು ಬರೆದುಕೊಂಡಿತು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿಸಬಹುದು ಎಂದೆ. ಹುಡುಗ ನಗಲಿಲ್ಲ.

ಮಿಷಿಗನ್ ವಿಶ್ವವಿದ್ಯಾಲಯದ ಬೊರೆನ್‌ಸ್ಟೈನ್, ಫೆಂಗ್ ಎಂಬ ಇಬ್ಬರು 1990ರ ದಶಕದಲ್ಲಿ ಈ ರೋಗಕ್ಕೊಂದು ತಪಾಸಣೆ ಹೇಳಿದ್ದಾರೆ. ರೋಬೋವನ್ನು ಚೌಕಾಕಾರವಾಗಿ ಓಡಿಸಿ, ಹೊರಟಲ್ಲಿಗೇ ಬಂತೇ ನೋಡಬೇಕು. ಒಂದೇ ದಿಕ್ಕಿಗೆ ಸುತ್ತಿಸಿದರೆ ಸಾಲದು. ಎರಡು ಚಕ್ರಗಳ ಅಳತೆಯಲ್ಲಿನ ವ್ಯತ್ಯಾಸವೂ ಅವುಗಳ ನಡುವಿನ ಅಂತರದ ತಪ್ಪೂ ಒಂದನ್ನೊಂದು ಮುಚ್ಚಿಹಾಕಿ ಎಲ್ಲ ಸರಿಯಿದ್ದಂತೆ ನಟಿಸಬಲ್ಲವು. ಎದುರು ದಿಕ್ಕಿನಲ್ಲಿ ಸುತ್ತಿಸಿದಾಗ ಗುಟ್ಟು ರಟ್ಟಾಗುತ್ತದೆ.

ನಮ್ಮ ಮನೆಯಲ್ಲಿ ಚೌಕ ಎಂದರೆ ತೊಟ್ಟಿಯ ಸುತ್ತು. ನಡುವೆ ತುಳಸಿಕಟ್ಟೆ. ಬಲಕ್ಕೆ ಸುತ್ತಿದಾಗ ಅವ್ವ ಮೆಚ್ಚಿ ಕೈಮುಗಿದಳು. ಕೆಲಸದ ನಡುವೆಯೂ ಪ್ರದಕ್ಷಿಣೆ ಬರುವ ಯಂತ್ರವನ್ನು ಯಾರು ತಾನೆ ಮೆಚ್ಚುವುದಿಲ್ಲ! ಎಡಕ್ಕೆ ತಿರುಗಿದ್ದೇ ತಡ, "ಅಪ್ರದಕ್ಷಿಣೆ ಬತ್ತಾ ಅದಲ್ಲೋ ಕೂಸು, ಎತ್ತು ಅದ!" ಎಂದು ಗದರಿದಳು. ಅಲ್ಲಿಗೆ ಮಿಷಿಗನ್ನಿನ ಪರೀಕ್ಷೆ ಅರ್ಧಕ್ಕೇ ಮುಗಿಯಿತು.

ಹನೂರಿನಿಂದ ಬಂದಿದ್ದ ಭಾವ ಒಂದು ತುಂಬಿದ ಲೋಟ ಇಟ್ಟು ನೋಡಿದರು. ಭಾರಕ್ಕೆ ರಬ್ಬರು ಅಮುಕಿ ಚಕ್ರ ತುಸು ಕುಗ್ಗಿತು, ಖಾಲಿ ಲೋಟಕ್ಕೆ ಹೊಂದಿಸಿದ್ದ ಲೆಕ್ಕ ತುಂಬಿದ ಲೋಟಕ್ಕೆ ಒಗ್ಗಲಿಲ್ಲ. ನಮ್ಮ ಸಿಮೆಂಟ್ ಜಗಲಿ ಮೇಲೆ ಇದರ ಆಟ ನಡೆಯೋಲ್ಲ ಬುಡಿ ಎಂದು ಅವರು ಎಲೆ ಅಡಿಕೆಗೆ ಕೈಹಾಕಿದರು.

ಕೊನೆಗೆ ದಾರಿ ತೋರಿಸಿದವಳು ಅವ್ವನೇ. ಅವಳಿಗೆ ಕಣ್ಣು ಮಂಜು. ರಾತ್ರಿ ಎದ್ದರೆ ಹೆಜ್ಜೆ ಎಣಿಸುತ್ತಾಳೆ, ಆದರೆ ನಂಬುವುದಿಲ್ಲ. ಕಂಬ ಕೈಗೆ ಸಿಕ್ಕಿದೊಡನೆ ಹಳೆಯ ಲೆಕ್ಕ ಬಿಟ್ಟು ಅಲ್ಲಿಂದ ಹೊಸದಾಗಿ ಎಣಿಸುತ್ತಾಳೆ. "ಬರೀ ಎಣಿಸ್ಕಂಡ್ ಹೋದ್ರ ಬಾವಿಗ್ ಬೀಳ್ತೀವಿ ಕನ ಮಗ, ಗ್ವಾಡ ಮುಟ್ಬೇಕು." ಹುಡುಗ ಅಂದೇ ರೋಬೋದ ಮೂತಿಗೊಂದು ಸ್ವಿಚ್ ಕೂರಿಸಿದ. ಈಗ ಅದು ಕಂಬ ಸಿಗುವವರೆಗೆ ಹೋಗಿ ಢೀ ಕೊಡುತ್ತದೆ, ಎಣಿಕೆಯನ್ನು ಸೊನ್ನೆ ಮಾಡಿಕೊಳ್ಳುತ್ತದೆ, ತಿರುಗಿ ಮುಂದಿನ ಕಂಬಕ್ಕೆ ಹೊರಡುತ್ತದೆ. ದಾರಿ ತಪ್ಪುವುದು ನಿಂತಿತು. ಕಂಬಕ್ಕೊಂದು ಗುಟುಕಿನಂತೆ ನೆಲವೇ ಕುಡಿದು, ನನಗೆ ಅರ್ಧ ಲೋಟ ಬಂತು.

"ಲ್ವಾಟಕ್ಕೊಂದು ಮುಚ್ಚಳ ಹಾಕು" ಎಂದಳು ಅವ್ವ. ಹಾಕಿದ. ಮುಚ್ಚಳದ ತೂಕ ಸೇರಿತಲ್ಲ, ಈಗ ಮತ್ತೆ ಚಕ್ರದ ಸುತ್ತಳತೆ ಅಳೆಯುತ್ತ ಕೂತಿದ್ದಾನೆ.