ಬಾರದ ಖಜಾಂಚಿಗೆ ಎತ್ತಿಟ್ಟ ಹುಳಿ

ಊರಿನಲ್ಲಿ ಯುಗಾದಿ ಮುಗಿದು ಹತ್ತು ಹನ್ನೊಂದು ದಿನಕ್ಕೆ ನಮ್ಮ ನ್ಯೂಜೆರ್ಸಿಗೆ ಯುಗಾದಿ ಬರುತ್ತದೆ. ಪಂಚಾಂಗದ ತಪ್ಪೇನಿಲ್ಲ. ಇಲ್ಲಿ ಸಂವತ್ಸರ ಹುಟ್ಟಬೇಕಾದರೆ ಅಂದು ಶನಿವಾರವೋ ಭಾನುವಾರವೋ ಆಗಿರಬೇಕು, ಹೈಸ್ಕೂಲಿನ ಸಭಾಂಗಣ ಖಾಲಿಯಿರಬೇಕು, ಅದನ್ನು ನಮಗಿಂತ ಮುಂಚೆ ತೆಲುಗಿನವರು ಹಿಡಿದಿರಬಾರದು. ಈ ಮೂರು ಯೋಗವೂ ಕೂಡಿಬಂದ ಭಾನುವಾರದ ಹಿಂದಿನ ರಾತ್ರಿ, ಹತ್ತು ಗಂಟೆಯ ಸುಮಾರಿಗೆ, ಎಡಿಸನ್ನಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕನ್ನಡ ಕೂಟದ ಡೇಟಾಬೇಸ್ ಕಣ್ಣು ಮುಚ್ಚಿತು.

ಡೇಟಾಬೇಸ್ ಎಂದ ಕೂಡಲೇ ಗಾಜಿನ ಕೋಣೆ, ತಣ್ಣನೆ ಗಾಳಿ, ಮಿಣಮಿಣ ದೀಪ ಎಂದುಕೊಳ್ಳಬೇಡಿ. ವಾಷಿಂಗ್ ಮೆಷಿನ್ನಿನ ಪಕ್ಕ, ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲದ ಮೇಲೆ ಕೂತ ನನ್ನ ಹಳೇ ಲ್ಯಾಪ್‌ಟಾಪ್ ಅದು. 128 ಜಿಬಿ ಡಿಸ್ಕು. ಎಂಟರ್ ಕೀಲಿಯನ್ನು ಎರಡು ಸಲ ಕುಟ್ಟಬೇಕು, ಒಂದು ಸಲಕ್ಕೆ ಕೇಳುವುದಿಲ್ಲ. ಒಳಗೆ ಉಬುಂಟು, ಅದರೊಳಗೆ ಪೋಸ್ಟ್‌ಗ್ರೆಸ್, ಅದರೊಳಗೆ ಕೂಟದ ಸಕಲ ಸಂಸಾರ: ಯಾರ ಮನೆಯಿಂದ ಎಷ್ಟು ಎಲೆ, ಮಕ್ಕಳ ಊಟ ಎಷ್ಟು, ಯಾರಿಗೆ ಈರುಳ್ಳಿ ಬೆಳ್ಳುಳ್ಳಿ ಆಗದು, ಯಾರು ದುಡ್ಡು ಕಟ್ಟಿದ್ದಾರೆ, ಯಾರು ‘ಬಾಗಿಲಲ್ಲೇ ಕೊಡ್ತೀನಿ ಬಿಡಿ’ ಎಂದಿದ್ದಾರೆ.

ಇದು ನನ್ನ ತಲೆಗೆ ಬಂದದ್ದು ಒಂದು ಬೋಂಡಾದಿಂದ. ವಾರ್ಷಿಕ ಸಭೆಯಲ್ಲಿ ಇನ್ನೊಂದು ಬೋಂಡಾ ತರೋಣವೆಂದು ಎದ್ದು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ತಾಂತ್ರಿಕ ಕಾರ್ಯದರ್ಶಿಯಾಗಿ ಅವಿರೋಧವಾಗಿ ಆಯ್ಕೆಯಾಗಿದ್ದೆ. ನಾನು ಆಫೀಸಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರು. ಹನ್ನೆರಡು ವರ್ಷದಿಂದ ಕಂಪ್ಯೂಟರಿಗೆ ನಾನು ಕೊಟ್ಟಿರುವ ಆಜ್ಞೆ ಒಂದೇ, ‘ನೆಕ್ಸ್ಟ್ ಸ್ಲೈಡ್’.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಆರಿಸಿ ಹಚ್ಚಿದೆ. ಆಮೇಲೆ ಪೋಸ್ಟ್‌ಗ್ರೆಸ್ ಸರ್ವಿಸ್ ಹೇಗಿದೆ ಎಂದು ಉಬುಂಟುವನ್ನು ವಿಚಾರಿಸಿದೆ. ಹಸಿರು ಚುಕ್ಕೆ ತೋರಿಸಿ ‘ಆಕ್ಟಿವ್, ಎಕ್ಸಿಟೆಡ್’ ಎಂದಿತು. ಅಂದರೆ ಹಾಜರಿದ್ದಾರೆ, ಆದರೆ ಹೊರಟುಹೋಗಿದ್ದಾರೆ. ಕೂಟದ ಕಾರ್ಯಕಾರಿ ಸಮಿತಿಯಲ್ಲಿ ಅರ್ಧ ಜನರ ಸ್ಥಿತಿ ಇದೇ ಆದ್ದರಿಂದ ನನಗೇನೂ ವಿಚಿತ್ರ ಅನಿಸಲಿಲ್ಲ. ಉಬುಂಟು, ಡೆಬಿಯನ್‌ಗಳಲ್ಲಿ ಆ ಹೆಸರಿನ ಸರ್ವಿಸ್ ಬರೀ ಮೇಲ್ವಿಚಾರಕ. ದುಡಿಯುವ ಸರ್ವಿಸ್ ಅದರ ಕೆಳಗೆ, ಆವೃತ್ತಿಯ ಸಂಖ್ಯೆ ಹೊತ್ತುಕೊಂಡು ಬೇರೆಯೇ ಇರುತ್ತದೆ. ಮೇಲ್ವಿಚಾರಕ ‘ನನ್ನ ಕೆಲಸ ಆಯ್ತು’ ಎಂದು ಹಸಿರು ಬಾವುಟ ಹಾರಿಸಿ ಹೋಗಿರುತ್ತಾನೆ. ಕೆಳಗಿನವನು ಎದ್ದನೋ ಬಿದ್ದನೋ ಅವನಿಗೆ ಬೇಕಿಲ್ಲ. ಇದನ್ನು ಗುರುತಿಸಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಪ್ರಾಜೆಕ್ಟ್ ಮ್ಯಾನೇಜರಿಗೆ ಐದು ನಿಮಿಷ ಸಾಕಾಗಬೇಕಿತ್ತು.

ಅಷ್ಟರಲ್ಲಿ ಮೇಲಿನಿಂದ ಹೆಂಡತಿಯ ಕೂಗು. ‘ರೀ, ಫ್ರಿಜ್‌ನಲ್ಲಿ ಒಂದಿಂಚು ಜಾಗ ಇಲ್ಲ. ಹೂರಣ ಎಲ್ಲಿಡ್ಲಿ?’

‘ತಡಿ ಮಾರಾಯ್ತಿ, ಇಲ್ಲಿ ಸರ್ವರ್ ಬಿದ್ದಿದೆ.’

‘ಅಯ್ಯೋ, ಪೆಟ್ಟಾಯ್ತಾ?’ ಇದು ಅತ್ತೆಯವರ ದನಿ.

ಫ್ರಿಜ್ಜಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗದು. ಮಾವ, ಅತ್ತೆ ಆರು ತಿಂಗಳಿಗೆಂದು ತಿಪಟೂರಿನಿಂದ ಬಂದು ಆಗಲೇ ಎರಡು ತಿಂಗಳಾಗಿತ್ತು. ಅತ್ತೆಯವರ ಅಡುಗೆಮನೆಯಲ್ಲಿ ಒಂದು ಕಟ್ಟಳೆ ಇದೆ: ಏನೇ ಮಾಡಲಿ, ‘ಯಾರಾದ್ರೂ ಬಂದ್ರೆ’ ಎಂದು ಒಂದು ಪಾಲು ಎತ್ತಿಡಬೇಕು. ತಿಪಟೂರಿನಲ್ಲಿ ಬರುತ್ತಿದ್ದರು. ಎಡಿಸನ್ನಿನಲ್ಲಿ ಮೂರು ವಾರ ಮುಂಚೆ ಕ್ಯಾಲೆಂಡರ್ ನೋಡದೆ ಯಾರೂ ಯಾರ ಮನೆಯ ಬೆಲ್ಲೂ ಒತ್ತುವುದಿಲ್ಲ. ಕಟ್ಟಳೆ ಮಾತ್ರ ತಪ್ಪಲಿಲ್ಲ. ಐದು ಪೌಂಡಿನ ಮೊಸರಿನ ಡಬ್ಬಿಗಳಲ್ಲಿ ಹುಳಿ, ಗೊಜ್ಜು, ಪಲ್ಯ, ಮೊನ್ನೆಯ ಬಸ್ಸಾರು ಒಂದರ ಮೇಲೊಂದು ಏರಿ ನಿಂತಿದ್ದವು. ನಮ್ಮನೆಯಲ್ಲಿ ಮೊಸರಿನ ಡಬ್ಬಿ ತೆಗೆದವನಿಗೆ ಮೊಸರು ಸಿಕ್ಕ ದಾಖಲೆಯಿಲ್ಲ.

ಹೂರಣಕ್ಕೆ ಉತ್ತರ ಕೊಡದೆ ನಾನು ಚಿಕಿತ್ಸೆ ಮುಂದುವರಿಸಿದೆ. ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನ ನನ್ನ ಮೊದಲ ಕೆಲಸದಲ್ಲಿ ಸೀನಿಯರ್ ಒಬ್ಬ ಸಕಲ ರೋಗಕ್ಕೂ ಒಂದೇ ಮದ್ದು ಕೊಡುತ್ತಿದ್ದ: ಸಿಎಚ್‌ಮಾಡ್ 777. ಅಂದರೆ, ಯಾರು ಬೇಕಾದರೂ ಓದಿ, ಯಾರು ಬೇಕಾದರೂ ಬರೆಯಿರಿ, ಬಾಗಿಲು ಸದಾ ತೆರೆದಿದೆ. ಡೇಟಾ ಇರುವ ಡೈರೆಕ್ಟರಿಗೆ ಅದನ್ನೇ ಕುಡಿಸಿದೆ. ಪೋಸ್ಟ್‌ಗ್ರೆಸ್‌ಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲವೆಂದು ಆಮೇಲೆ ತಿಳಿಯಿತು. ತನ್ನ ಡೈರೆಕ್ಟರಿ 0700 ಇರಬೇಕು, ಹೆಚ್ಚೆಂದರೆ 0750. ಊರಿಗೆಲ್ಲ ತೆರೆದಿಟ್ಟರೆ ಅದು ಹೊಸಿಲೇ ದಾಟುವುದಿಲ್ಲ. ಸಿಟ್ಟಿನಿಂದ ರೂಟ್ ಆಗಿ ನಾನೇ ನೇರವಾಗಿ ಎಬ್ಬಿಸಲು ಹೋದೆ. ರೂಟ್ ಎಂದರೆ ಯಂತ್ರದ ಯಜಮಾನ, ಅವನಿಗೆ ಅಡ್ಡಿಯೇ ಇಲ್ಲ. ಪೋಸ್ಟ್‌ಗ್ರೆಸ್ ಯಜಮಾನನಿಗೆ ಮಾತ್ರ ಅನುಮತಿಯಿಲ್ಲ ಎಂದು ಖಡಾಖಂಡಿತ ಹೇಳಿತು. ಮನೆ ನನ್ನ ಹೆಸರಿನಲ್ಲಿದ್ದರೂ ಅತ್ತೆಯವರು ಬಂದಮೇಲೆ ಒಲೆ ಹಚ್ಚುವ ಅಧಿಕಾರ ನನಗಿಲ್ಲದ ಹಾಗೆ.

ಕೂಟದ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಅದೇ ತಪ್ಪಾಯಿತು. ಒಬ್ಬರು ‘ಎಕ್ಸೆಲ್‌ನಲ್ಲೇ ಇಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ’ ಎಂದರು. ಇನ್ನೊಬ್ಬರು ಬೇವು ಬೆಲ್ಲದ ಚಿತ್ರ ಹಾಕಿದರು. ಮತ್ತೊಬ್ಬರು ‘ನಾನು ಅವತ್ತೇ ಮೈಎಸ್‌ಕ್ಯೂಎಲ್ ಎಂದಿದ್ದೆ’ ಎಂದು ಹಳೇ ಜಗಳ ತೆಗೆದರು. ಆ ಮೈಎಸ್‌ಕ್ಯೂಎಲ್‌ನ ‘ಮೈ’ ಎಂದರೆ ‘ನನ್ನ’ ಎಂದಲ್ಲ. ಅದನ್ನು ಕಟ್ಟಿದ ಫಿನ್ಲೆಂಡಿನ ಮಾಂಟಿ ವಿಡೇನಿಯಸ್‌ನ ಮಗಳ ಹೆಸರು. ಅದು ಕೈಬಿಟ್ಟುಹೋದ ಮೇಲೆ 2009ರಲ್ಲಿ ಆತ ಹುಟ್ಟುಹಾಕಿದ ಮರಿಯಾಡಿಬಿಗೆ ಕಿರಿಮಗಳ ಹೆಸರಿಟ್ಟ. ಎಂಥ ತಂದೆ! ನಾವು ಮಗಳ ಹೆಸರನ್ನು ಪಾಸ್‌ವರ್ಡಿಗೆ ಇಡುತ್ತೇವೆ, ಕೊನೆಗೊಂದು 123 ಸೇರಿಸುತ್ತೇವೆ.

ರಾತ್ರಿ ಒಂದೂವರೆ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಮಂಕಿ ಟೋಪಿ, ಮೇಲೆ ಶಾಲು, ಕೈಯಲ್ಲಿ ಬಿಸಿನೀರಿನ ಲೋಟ: ಮಾವ. ಬಂದು ಎರಡು ತಿಂಗಳಾದರೂ ಅವರ ನಿದ್ದೆ ಇನ್ನೂ ಇಮಿಗ್ರೇಷನ್ ದಾಟಿರಲಿಲ್ಲ. ಮೂವತ್ತನಾಲ್ಕು ವರ್ಷ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆದವರು.

‘ಏನಂತೆ ಅಳಿಯಂದ್ರೇ ಅದಕ್ಕೆ?’

‘ಏಳ್ತಾ ಇಲ್ಲ ಮಾವ.’

‘ಯಾಕೆ ಏಳ್ತಿಲ್ಲ ಅಂತ ಹೇಳಿದ್ಯಾ?’

‘ಅದೆಲ್ಲಿ ಹೇಳುತ್ತೆ ಮಾವ?’ ಎಂದವನು ನಾಲಿಗೆ ಕಚ್ಚಿಕೊಂಡೆ. ಹೇಳುತ್ತದೆ. ಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಮೂರೂವರೆ ಗಂಟೆ ನಾನು ಅದರ ಬಾಯಿಗೆ ಮದ್ದು ಸುರಿದಿದ್ದೆನೇ ಹೊರತು ಒಂದು ಸಲವೂ ಅದರ ಮಾತು ಓದಿರಲಿಲ್ಲ. ತೆಗೆದು ತೋರಿಸಿದೆ. ಮಾವ ಕನ್ನಡಕ ಏರಿಸಿ, ತಳದ ಸಾಲಿನ ಮೇಲೆ ಬೆರಳಿಟ್ಟರು. ಪರ್ಮಿಷನ್ ಸರಿಯಿಲ್ಲ, 0700 ಇರಬೇಕು ಎಂದಿತ್ತು.

‘ಇದು ಎಷ್ಟು ಹೊತ್ತಿಗಾದದ್ದು?’

‘ಹನ್ನೊಂದೂವರೆಗೆ.’

‘ಕೆಟ್ಟಿದ್ದು ಹತ್ತು ಗಂಟೆಗೆ ಅಂದ್ರಿ. ಹಾಗಾದ್ರೆ ಇದು ನೀವು ಮಾಡಿದ್ದು. ಹಿಂದಿನ ಪುಟ ತಿರುವಿ.’

ತಿರುವಿದೆ. ಹತ್ತು ಗಂಟೆಯ ಜಾಗದಲ್ಲಿ, ದೊಡ್ಡ ಅಕ್ಷರದಲ್ಲಿ ‘ಪ್ಯಾನಿಕ್’ ಎಂದು ಬರೆದು, ಪಿಜಿ ವಾಲ್ ಎಂಬ ಡೈರೆಕ್ಟರಿಯಲ್ಲಿ ಬರೆಯಲಾಗಲಿಲ್ಲ, ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದಿತ್ತು. ಮಾವ ಓದಿ, ಬಿಸಿನೀರು ಒಂದು ಗುಟುಕು ಕುಡಿದು, ‘ಜಾಗ ಇಲ್ಲ ಅಂತಿದೆ. ಇದನ್ನೇ ಅಲ್ವೇ ಅವಳೂ ಮೇಲಿಂದ ಕೂಗ್ತಿದ್ದಿದ್ದು?’ ಎಂದರು.

ನೋಡಿದರೆ ಡಿಸ್ಕು ನೂರಕ್ಕೆ ನೂರು ತುಂಬಿತ್ತು. ತಿಂದದ್ದು ಯಾರೆಂದು ಹುಡುಕಿದರೆ ಅದೇ ಪಿಜಿ ವಾಲ್: 97 ಜಿಬಿ, ಒಂದೊಂದೂ 16 ಎಂಬಿಯ ಆರು ಸಾವಿರಕ್ಕೂ ಹೆಚ್ಚು ಕಡತ. ನಮ್ಮ ಸದಸ್ಯರ ಪಟ್ಟಿ ಇಡಿಯಾಗಿ ಒಂದು ಫೋಟೋದಷ್ಟೂ ಇಲ್ಲ! ನನಗೆ ಕೈ ತುರಿಸಿತು. ಲಾಗ್ ತಾನೇ, ಹಳೇ ಕಸ. ಅಳಿಸಿಬಿಟ್ಟರೆ ಐದು ನಿಮಿಷದಲ್ಲಿ ಮಲಗಬಹುದು. ಅಳಿಸುವ ಆಜ್ಞೆ ಟೈಪು ಮಾಡಿ ಎಂಟರ್ ಒತ್ತಿದೆ. ಒಂದು ಸಲಕ್ಕೆ ಅದು ಕೇಳುವುದಿಲ್ಲವೆಂದು ಮೊದಲೇ ಹೇಳಿದೆನಲ್ಲ.

‘ಏನು ಅಳಿಸ್ತಿದ್ದೀರಿ?’

‘ಏನಿಲ್ಲ ಮಾವ. ಏನಾದ್ರೂ ಬದಲಾವಣೆ ಆದ್ರೆ ಮೊದಲು ಇದರಲ್ಲಿ ಬರೆದುಕೊಳ್ಳುತ್ತೆ, ಆಮೇಲೆ ನಿಧಾನಕ್ಕೆ ಟೇಬಲ್ಲಿಗೆ ಏರಿಸುತ್ತೆ. ಟೇಬಲ್ ಹೇಗೂ ಇದೆಯಲ್ಲ, ಇದನ್ನ...’

ಮಾವ ಲೋಟ ಕೆಳಗಿಟ್ಟರು. ‘ಕೈ ತೆಗೀರಿ ಅಲ್ಲಿಂದ. ಕಿರ್ದಿ ಅಲ್ವೇ ಅದು! ಖತಾವಣಿ ಆಯ್ತೋ ಇಲ್ವೋ ನೋಡದೆ ಕಿರ್ದಿ ಹರೀತೀರಾ?’

ಕಿರ್ದಿ ಎಂದರೆ ಈಗಿನವರಿಗೆ ಗೊತ್ತಿಲ್ಲದೆ ಇರಬಹುದು. ಮಂಡಿಯಲ್ಲಿ ಆ ದಿನ ಬಂದದ್ದು, ಹೋದದ್ದು ಎಲ್ಲ ನಡೆದ ಹಾಗೆ ಮೊದಲು ಕಿರ್ದಿ ಪುಸ್ತಕಕ್ಕೆ ಬೀಳುತ್ತದೆ. ಸಂಜೆ ಪುರಸೊತ್ತಿನಲ್ಲಿ ಅದನ್ನು ನೋಡಿಕೊಂಡು ಒಬ್ಬೊಬ್ಬ ರೈತನ, ವರ್ತಕನ ಖಾತೆಗೆ ಏರಿಸುವುದು ಖತಾವಣಿ. ಮಧ್ಯೆ ಗುಮಾಸ್ತನಿಗೆ ಜ್ವರ ಬರಲಿ, ದೀಪ ಹೋಗಲಿ, ಕಿರ್ದಿ ಇದ್ದರೆ ನಾಳೆ ಬಂದವನು ಖಾತೆ ಸರಿಮಾಡಬಹುದು. ಖಾತೆ ಅರ್ಧ ಬರೆದು ಕಿರ್ದಿ ಸುಟ್ಟರೆ ಸಾಕ್ಷಾತ್ ಚಿತ್ರಗುಪ್ತನೇ ಬಂದರೂ ಸರಿಹೋಗದು. ಪೋಸ್ಟ್‌ಗ್ರೆಸ್ ಮಾಡುವುದು ಅಕ್ಷರಶಃ ಇದನ್ನೇ. ನನ್ನಂತೆ ಕೈ ತುರಿಸಿದವರು ಲೋಕದಲ್ಲಿ ಬಹಳ ಮಂದಿ ಇದ್ದರೆಂದು ಕಾಣುತ್ತದೆ: ಮೊದಲು ಆ ಡೈರೆಕ್ಟರಿಯ ಹೆಸರಿನಲ್ಲೇ ‘ಲಾಗ್’ ಎಂದಿತ್ತು, ಜನ ಕಸವೆಂದು ಅಳಿಸಿ ಡೇಟಾಬೇಸನ್ನೇ ಕಳಕೊಳ್ಳುತ್ತಿದ್ದರು, 2017ರಲ್ಲಿ 10ನೇ ಆವೃತ್ತಿ ತರುವಾಗ ಹೆಸರು ಬದಲಿಸಿ ‘ವಾಲ್’ ಮಾಡಿದರು. ನಾನು ಹೆಸರು ಬದಲಿಸಿದರೂ ಬಿಡದ ಜಾತಿ.

‘ಜಾಗ ಬೇಕಾದ್ರೆ ಬೇರೆ ಏನಾದ್ರೂ ಹೊರಗೆ ಹಾಕಿ’ ಎಂದರು ಮಾವ. ಹುಡುಕಿದೆ. ಹೋದ ವರ್ಷದ ರಾಜ್ಯೋತ್ಸವದ ವಿಡಿಯೋ ಸಿಕ್ಕಿತು. ಅಧ್ಯಕ್ಷರ ಭಾಷಣವೊಂದೇ ನಲವತ್ತು ನಿಮಿಷ. ಅದನ್ನೊಂದು ಪೆನ್‌ಡ್ರೈವಿಗೆ ಸಾಗಹಾಕಿ, ಡೈರೆಕ್ಟರಿಯನ್ನು ಮತ್ತೆ 0700ಕ್ಕೆ ತಂದು, ದುಡಿಯುವವನನ್ನೇ ಹೆಸರು ಹಿಡಿದು ಎಬ್ಬಿಸಿದೆ. ಲಾಗಿನಲ್ಲಿ ಸಾಲುಗಳು ಬಂದವು: ಹಿಂದೆ ಸರಿಯಾಗಿ ಮುಚ್ಚಿರಲಿಲ್ಲ, ದುರಸ್ತಿ ನಡೆದಿದೆ, ರೀಡೂ ಶುರು, ರೀಡೂ ಮುಗಿಯಿತು, ಸಂಪರ್ಕಕ್ಕೆ ಸಿದ್ಧ. ‘ಈಗ ಖತಾವಣಿ ಮಾಡ್ತಿದೆ’ ಎಂದು ಮಾವ ತಲೆದೂಗಿದರು, ಪಕ್ಕದ ಮಂಡಿಯ ಗುಮಾಸ್ತನನ್ನು ಮೆಚ್ಚಿಕೊಂಡವರಂತೆ.

ಕಿರ್ದಿ ಯಾಕೆ ಅಷ್ಟು ಬೆಳೆಯಿತು ಎಂಬುದು ಉಳಿದಿತ್ತು. ಮಾವ ಬಿಡಲಿಲ್ಲ. ‘ಖಾತೆಗೆ ಏರಿಸಿದ ಮೇಲೂ ಇಟ್ಟುಕೊಂಡಿದೆ ಅಂದ್ರೆ ಯಾರೋ ಇಡು ಅಂದಿರ್ಬೇಕು.’ ಕೆದಕಿದರೆ ರೆಪ್ಲಿಕೇಷನ್ ಸ್ಲಾಟ್ ಎಂಬುದೊಂದು ಸಿಕ್ಕಿತು. ಅದರ ಹೆಸರು ‘ಖಜಾಂಚಿ’.

ನಮ್ಮ ಹಳೇ ಖಜಾಂಚಿ ‘ಒಂದು ನಕಲು ನನ್ನ ಹತ್ರಾನೂ ಇರಲಿ’ ಎಂದು ತಮ್ಮ ಮನೆಯ ಯಂತ್ರಕ್ಕೆ ಎಲ್ಲ ಬದಲಾವಣೆ ಹೋಗುವ ಹಾಗೆ ಕಟ್ಟಿಕೊಂಡಿದ್ದರು. ಸ್ಲಾಟ್ ಎಂದರೆ ಒಂದು ಮಾತು ಕೊಟ್ಟ ಹಾಗೆ: ನೀವು ಬಂದು ಒಯ್ಯುವ ತನಕ ನಿಮ್ಮ ಪಾಲಿನ ಕಿರ್ದಿಯನ್ನು ಒಂದು ಹಾಳೆಯೂ ಎಸೆಯದೆ ಇಟ್ಟಿರುತ್ತೇನೆ. ಹದಿನಾಲ್ಕು ತಿಂಗಳ ಹಿಂದೆ ಅವರು ಕಾಯಂ ಆಗಿ ಬೆಂಗಳೂರಿಗೆ ಹೊರಟರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಗಂಟಲು ಕಟ್ಟಿ ಬೀಳ್ಕೊಟ್ಟೆವು. ಪೋಸ್ಟ್‌ಗ್ರೆಸ್‌ಗೆ ಯಾರೂ ಹೇಳಲಿಲ್ಲ. ಅದರ ಮೇಲೆ, ಐದು ನಿಮಿಷಕ್ಕೊಮ್ಮೆ ಸದಸ್ಯರ ಪಟ್ಟಿಯನ್ನು ಪೂರ್ತಿ ಅಳಿಸಿ ಪೂರ್ತಿ ತುಂಬಿಸುವ ಸ್ಕ್ರಿಪ್ಟೊಂದನ್ನು ಬರೆದವನು ನಾನೇ. ದಿನಕ್ಕೆ 288 ಸಲ ಹುಳಿ ಮಾಡಿ, 288 ಸಲವೂ ಖಜಾಂಚಿಗೊಂದು ಪಾಲು ಎತ್ತಿಟ್ಟಿತ್ತು ಪಾಪ. ಇಷ್ಟು ಮೀರಿದರೆ ಕಾಯಬೇಡ ಎಂದು ಮಿತಿ ಹಾಕುವ ಸೌಲಭ್ಯ 13ನೇ ಆವೃತ್ತಿಯಿಂದ ಇದೆ; ನಾವಾಗಿ ಹಾಕದಿದ್ದರೆ ಮಿತಿಯೇ ಇಲ್ಲ.

‘ಅವ್ರು ಬರಲ್ಲ, ತೆಗೀರಿ’ ಎಂದರು ಮಾವ. ಸ್ಲಾಟ್ ತೆಗೆದು ಚೆಕ್‌ಪಾಯಿಂಟ್ ಹೊಡೆದೆ. ನೋಡನೋಡುತ್ತ 97 ಜಿಬಿ ಕರಗಿತು. ಈಗ ಫ್ರಿಜ್ಜಿಗೂ ಒಂದು ಮಿತಿ ಹಾಕಿಸಬಹುದಲ್ಲ ಮಾವ ಎಂದೆ. ಮಾವ ಮಂಕಿ ಟೋಪಿ ಸರಿಮಾಡಿಕೊಂಡು, ‘ಅದು ಬೇರೆ ಇಲಾಖೆ’ ಎಂದು ಮೆಟ್ಟಿಲು ಹತ್ತಿದರು. ಹೂರಣ ಗ್ಯಾರೇಜಿನಲ್ಲಿ, ಕಾರಿನ ಬಾನೆಟ್ಟಿನ ಮೇಲೆ ರಾತ್ರಿ ಕಳೆಯಿತು. ಹೊರಗೆ ಎರಡು ಡಿಗ್ರಿ, ಏನೂ ಆಗಲಿಲ್ಲ.

ಭಾನುವಾರ ಎಲ್ಲ ಸಾಂಗವಾಗಿ ನಡೆಯಿತು. ಬಾಗಿಲಲ್ಲಿ ಮಗಳು ಐಪ್ಯಾಡ್ ಹಿಡಿದು ಹೆಸರು ಒತ್ತುತ್ತಿದ್ದಳು. ಊಟದ ಮನೆಯಲ್ಲಿ ಮಾವ ಗೆರೆ ಎಳೆದ ನೋಟ್‌ಬುಕ್ಕು, ಪೆನ್ಸಿಲು ಹಿಡಿದು ನಿಂತಿದ್ದರು. ‘ಅದರ ಮೇಲೆ ನಂಬಿಕೆ ಇಲ್ಲ ಅಂತಲ್ಲ...’ ಎಂದು ಮಾತು ಅರ್ಧಕ್ಕೆ ಬಿಟ್ಟು ನನ್ನ ಕಡೆ ನೋಡಿದರು.

ರಾತ್ರಿ ಮನೆಗೆ ಬಂದು ನಾನು ಕಾಲು ಚಾಚುವಷ್ಟರಲ್ಲಿ, ತಾಳೆ ನೋಡೋಣ ಬನ್ನಿ ಎಂದರು. ಡೇಟಾಬೇಸಿನಲ್ಲಿ 398. ನೋಟ್‌ಬುಕ್ಕಿನಲ್ಲಿ 399. ಒಂದು ತಾನೇ, ಬಿಡಿ ಮಾವ ಎಂದೆ. ಅವರ ಮುಖ ನೋಡಿ ಮತ್ತೆ ಕೂತೆ. ಮನೆಮನೆಯಾಗಿ ಓದಿಕೊಂಡು ಬಂದೆವು. ಹನ್ನೊಂದು ಗಂಟೆಗೆ ಮಾವ ಪೆನ್ಸಿಲು ಒಂದು ಕಡೆ ನಿಲ್ಲಿಸಿದರು.

‘ನಮ್ಮನೆಯಿಂದ ನಾಲ್ಕು ಅಂತಿದೆ. ನಾನು, ಅವಳು, ಮಗಳು, ಮೊಮ್ಮಗಳು. ನೀವು?’

‘ನಾನು ಕಾರ್ಯದರ್ಶಿ ಮಾವ. ಹಿಂಬಾಗಿಲಿಂದ ಟ್ರೇ ಹೊತ್ತು ಬಂದವನು.’

‘ನಂದು ಎಲೆ ಲೆಕ್ಕ. ಮೂರನೇ ಪಂಕ್ತಿ, ಕಂಬದ ಪಕ್ಕ. ಹೋಳಿಗೆ ಎರಡು ಸಲ ಹಾಕಿಸ್ಕೊಂಡ್ರಿ.’ ನೋಟ್‌ಬುಕ್ಕಿನಲ್ಲಿ ಏನೋ ಗುರುತು ಮಾಡಿ, ಕನ್ನಡಕದ ಮೇಲಿಂದ ನೋಡಿದರು. ‘ಹದಿನೆಂಟು ಡಾಲರ್ ಆಗುತ್ತೆ ಅಳಿಯಂದ್ರೇ. ಚಿಲ್ಲರೆ ಇದ್ಯಾ?’